ಮಂದಪ್ರಭಾ ಮೃಗದರ್ಶನ ಮೀಮಾಂಸೆ: ಘಾಟಬೋರಾಳದ ಹೊಲಗಳಲ್ಲಿ ಜಿಂಕೆಯನ್ನು ಗುಟ್ಟಾಗಿ ನೋಡುವ ಶಾಸ್ತ್ರ

1. ಪೀಠಿಕೆ

ಕಣ್ಣಿಗೆ ಕಾಣುವುದನ್ನು ಕಣ್ಣಿನಿಂದಲೇ ನೋಡುವುದು ಪಾಮರರ ಪದ್ಧತಿ. ಉಪಕರಣದಿಂದ ನೋಡುವುದು ಪಂಡಿತರ ಪದ್ಧತಿ. ಬೀದರ ಜಿಲ್ಲೆ ಹುಮನಾಬಾದ ತಾಲೂಕಿನ ಘಾಟಬೋರಾಳದ ಸುತ್ತಿನ ಹೊಲಗಳಿಗೆ ಜಿಂಕೆಗಳು ಬರುತ್ತವೆ ಎಂಬ ಸಂಗತಿ ಈವರೆಗೆ ಊರಿಗೆಲ್ಲ ಗೊತ್ತಿತ್ತೇ ವಿನಾ ಶಾಸ್ತ್ರಕ್ಕೆ ಗೊತ್ತಿರಲಿಲ್ಲ. ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ.

ಪ್ರಬಂಧದ ಪ್ರಾಕ್ಕಲ್ಪನೆ ಹೀಗಿದೆ: ಜಿಂಕೆ ಪರಮ ನಾಚಿಕೆಯ ಪ್ರಾಣಿ. ಅದು ನಡುರಾತ್ರಿಯಲ್ಲಷ್ಟೇ ಸಂಚರಿಸುತ್ತದೆ. ಬೆಳಕು ಕಂಡರೆ ಕಾಲ್ತೆಗೆಯುತ್ತದೆ. ಆದ್ದರಿಂದ ಮಂದ ಬೆಳಕಿನ ಇನ್‌ಫ್ರಾರೆಡ್ ಕ್ಯಾಮೆರಾ ಇಲ್ಲದೆ ಅದರ ದರ್ಶನ ಅಸಾಧ್ಯ.

ಕ್ಯಾಮೆರಾ ಕಟ್ಟುವಾಗ ಹೊಲದ ಯಜಮಾನರು ಬದುವಿನ ಮೇಲೆ ನಿಂತು, "ಸಾಹೇಬರೇ, ಅಕ್ಕೋ, ಅಲ್ಲೇ ನಿಂತಾವ ನೋಡ್ರಿ, ಸೋಯಾದಾಗ. ಹಾಡಾಹಗಲೇ ಮೇಯ್ಲತ್ತಾವ" ಎಂದು ಬೆರಳು ತೋರಿಸಿದ್ದುಂಟು. ಆದರೆ ಇದು ಮೌಖಿಕ ಆಕರ. ಮೇಲಾಗಿ ಸಂಶೋಧಕನು ಆ ಹೊತ್ತಿಗೆ ಕ್ಯಾಮೆರಾದ ಕೈಪಿಡಿ ಓದುತ್ತಿದ್ದುದರಿಂದ ತಲೆ ಎತ್ತುವ ಪ್ರಸಂಗ ಬರಲಿಲ್ಲ. ಹೀಗಾಗಿ ಆ ಹೇಳಿಕೆಯನ್ನು ಪರಿಗಣಿಸಿಲ್ಲ.

2. ಪೂರ್ವಸೂರಿಗಳ ಸಮೀಕ್ಷೆ

ಈ ಕ್ಷೇತ್ರದ ಮೊದಲ ವಿದ್ವಾಂಸ ನಮ್ಮ ನೆರೆಯವನೇ. ಯಾಜ್ಞವಲ್ಕ್ಯ ಸ್ಮೃತಿಯು ಆರಂಭದಲ್ಲೇ, ಕೃಷ್ಣಮೃಗ ಓಡಾಡುವ ನಾಡಿನಲ್ಲಿ ಅನ್ವಯವಾಗುವ ಧರ್ಮಗಳನ್ನು ಹೇಳುತ್ತೇನೆ ಎಂದು ಗಡಿ ಹಾಕಿಕೊಳ್ಳುತ್ತದೆ. ಅದಕ್ಕೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನದಲ್ಲಿ. ಆಸ್ತಿ ಪಾಲು ಮಾಡುವ ವಿಷಯದಲ್ಲಿ ಆತನ ಮಾತು ಮುಂದೆ ಬಂಗಾಳ ಬಿಟ್ಟು ಭಾರತದ ಬಹುಭಾಗಕ್ಕೆ ಕಾನೂನಾಯಿತು. ಇಷ್ಟಾದರೂ ತನ್ನ ಸುತ್ತಮುತ್ತ ಕೃಷ್ಣಮೃಗ ನಿಜವಾಗಿ ಓಡಾಡುತ್ತದೆಯೇ ಎಂಬುದನ್ನು ಆತ ಯಾವ ಉಪಕರಣದಿಂದ ಖಚಿತಪಡಿಸಿಕೊಂಡ ಎಂದು ಎಲ್ಲೂ ಹೇಳಿಲ್ಲ. ಬಹುಶಃ ಊರ ಹೊರಗೆ ಹೋಗಿ ನೋಡಿರಬೇಕು. ವಿಧಾನದ ದೃಷ್ಟಿಯಿಂದ ಇದು ದೊಡ್ಡ ಲೋಪ. ಅಣ್ಣತಮ್ಮಂದಿರು ಒಂದು ಎಕರೆಯನ್ನು ಸೀರೆಯಗಲದ ಪಟ್ಟಿಗಳಾಗಿ ಸೀಳಿಕೊಂಡದ್ದೆಲ್ಲ ಈ ಪರಿಶೀಲಿಸದ ಜಿಂಕೆಯ ಆಧಾರದ ಮೇಲೆ ಎಂಬುದನ್ನು ನೆನೆದರೆ ಮೈ ಝುಮ್ಮೆನ್ನುತ್ತದೆ.

ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಆತನ 'ಮಾನಸೋಲ್ಲಾಸ'ದಲ್ಲಿ ಮೃಗಯಾ ವಿನೋದಕ್ಕೇ ಒಂದು ಭಾಗವಿದ್ದು, ಪಳಗಿಸಿದ ಚೀತಾ ಬಿಟ್ಟು ಬೇಟೆಯಾಡುವ ಬಗ್ಗೆ ಭಾರತದಲ್ಲಿ ಸಿಗುವ ಅತಿ ಹಳೆಯ ಬರಹವೆಂದು ಅದನ್ನು ಗುರುತಿಸುತ್ತಾರೆ. ಚೀತಾ ಒಳ್ಳೆಯ ಉಪಕರಣ: ಚಲನೆಯನ್ನು ತಾನೇ ಗ್ರಹಿಸುತ್ತಿತ್ತು, ಬ್ಯಾಟರಿ ಬೇಡ, ಮೆಮೊರಿ ಕಾರ್ಡ್ ಬೇಡ. ಒಂದೇ ದೋಷವೆಂದರೆ ಅವಲೋಕನದ ಕೊನೆಗೆ ಜಿಂಕೆ ಉಳಿಯುತ್ತಿರಲಿಲ್ಲ. 1952ರಲ್ಲಿ ಚೀತಾ ನಮ್ಮ ದೇಶದಲ್ಲಿ ಅಳಿದುಹೋಯಿತೆಂದು ಸರ್ಕಾರವೇ ಸಾರಿತು. 2022ರಲ್ಲಿ ಆಫ್ರಿಕಾದಿಂದ ಕೆಲವನ್ನು ವಿಮಾನದಲ್ಲಿ ತರಿಸಿ ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟರು. ಘಾಟಬೋರಾಳಕ್ಕೆ ಮಂಜೂರಾಗದ ಕಾರಣ ಕ್ಯಾಮೆರಾವೇ ಗತಿ.

ಪಶ್ಚಿಮದ ಕಡೆ ತಿರುಗಿದರೆ, 1800ರಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದಿಂದ ಒಡೆದು, ಕೆಂಪು ಬಣ್ಣದ ಆಚೆ ಏನೂ ಕಾಣದ ಕಡೆ ಉಷ್ಣಮಾಪಕ ಇಟ್ಟ. ಪಾದರಸ ಏರಿತು. ಏನೂ ಇಲ್ಲದ ಕಡೆ ಉಪಕರಣ ಇಟ್ಟರೆ ಏನಾದರೂ ಸಿಗುತ್ತದೆ ಎಂಬ ಮಹಾತತ್ತ್ವಕ್ಕೆ ಅಡಿಗಲ್ಲು ಬಿದ್ದದ್ದು ಆಗಲೇ. ಅಮೆರಿಕದ ಜಾರ್ಜ್ ಶೈರಾಸ್ ಎಂಬ ವಕೀಲ ರಾತ್ರಿ ಜಿಂಕೆಗಳ ದಾರಿಗೆ ದಾರ ಕಟ್ಟಿ, ಅವು ತಾಗಿದೊಡನೆ ಫ್ಲಾಶ್ ಸಿಡಿಯುವಂತೆ ಮಾಡಿದ. ಅವನ ಚಿತ್ರಗಳನ್ನು 1906ರ ಜುಲೈನಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪ್ರಕಟಿಸಿದಾಗ, ಪತ್ರಿಕೆ ಚಿತ್ರಪುಸ್ತಕವಾಯಿತೆಂದು ಸಿಟ್ಟಾಗಿ ಮಂಡಳಿಯ ಇಬ್ಬರು ಸದಸ್ಯರು ರಾಜೀನಾಮೆ ಬಿಸಾಕಿದರಂತೆ. ಜಿಂಕೆಯ ಚಿತ್ರಕ್ಕೆ ಅಷ್ಟೊಂದು ಶಕ್ತಿಯಿದೆ.

ನಮ್ಮಲ್ಲಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು, ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಬೇರೆಬೇರೆಯಾಗಿ ಗುರುತಿಸಿ ಎಣಿಸುವ ದಾರಿ ತೋರಿಸಿದರು. 2018ರ ಅಖಿಲ ಭಾರತ ಹುಲಿಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಇಟ್ಟು 3,48,58,623 ಚಿತ್ರ ತೆಗೆದರು. ಅದರಲ್ಲಿ ಹುಲಿ ಇದ್ದವು 76,651. ಅಂದರೆ ಸುಮಾರು 455 ಚಿತ್ರಕ್ಕೊಂದು ಹುಲಿ. ಉಳಿದವುಗಳಲ್ಲಿ ಬೇರೆ ಪ್ರಾಣಿಗಳು, ಜನ, ದನ, ಮತ್ತು ಬೀಸಿದ ಗಾಳಿ. ಗಿನ್ನೆಸ್ ದಾಖಲೆ ಸಿಕ್ಕಿದ್ದು ಇಷ್ಟಕ್ಕೂ ಸೇರಿಯೇ ಎಂಬುದನ್ನು ಓದುಗರು ಫಲಿತಾಂಶದ ಅಧ್ಯಾಯ ಓದುವಾಗ ದಯವಿಟ್ಟು ನೆನಪಿಡಬೇಕು.

3. ಉಪಕರಣ ವಿಚಾರ

ಕ್ಯಾಮೆರಾದಲ್ಲಿ ಎರಡು ಇಂದ್ರಿಯಗಳಿವೆ. ಮೊದಲನೆಯದು ಶಾಖಗ್ರಾಹಿ. ಹಿನ್ನೆಲೆಗಿಂತ ಬೇರೆ ಶಾಖದ ಏನಾದರೂ ಎದುರು ಚಲಿಸಿದರೆ ಇದು ಎಚ್ಚರವಾಗಿ ಚಿತ್ರ ತೆಗೆಸುತ್ತದೆ. ಜಿಂಕೆಯ ಮೈಶಾಖ 38–39 ಡಿಗ್ರಿ ಸೆಲ್ಸಿಯಸ್. ಬೇಸಿಗೆಯಲ್ಲಿ ನಮ್ಮ ಕಡೆಯ ಗಾಳಿಯೂ ಅಷ್ಟೇ ಕಾದಿರುತ್ತದೆ. ಆಗ ಶಾಖಗ್ರಾಹಿಯ ಪಾಲಿಗೆ ಜಿಂಕೆ, ಗಾಳಿ, ಕಲ್ಲು, ಬೇವಿನ ಕಾಂಡ ಎಲ್ಲವೂ ಒಂದೇ. ಯೋಗಿಗಳು ಜನ್ಮಜನ್ಮಾಂತರ ತಪಸ್ಸು ಮಾಡಿ ಪಡೆಯುವ ಈ ಸಮದೃಷ್ಟಿ ಕ್ಯಾಮೆರಾಕ್ಕೆ ಏಪ್ರಿಲ್ ತಿಂಗಳ ಮಧ್ಯಾಹ್ನವೊಂದರಲ್ಲೇ ಸಿದ್ಧಿಸುತ್ತದೆ.

ಎರಡನೆಯದು ದೀಪ. ಇದರಲ್ಲಿ ಎರಡು ಮತಗಳಿವೆ. 940 ನ್ಯಾನೊಮೀಟರಿನ ಅಗೋಚರ ಮತದ ದೀಪ ಯಾರಿಗೂ ಕಾಣದು, ದೂರವೂ ಹೋಗದು. 850 ನ್ಯಾನೊಮೀಟರಿನ ಮಂದಪ್ರಭಾ ಮತದ ದೀಪ ದೂರ ಹೋಗುತ್ತದೆ, ಆದರೆ ಉರಿಯುವಾಗ ಬೀಡಿಯ ತುದಿಯಷ್ಟು ಕೆಂಪು ಕಾಣುತ್ತದೆ. ಗೊರಸಿನ ಪ್ರಾಣಿಗಳ ಕಣ್ಣಲ್ಲಿ ನೀಲಿಗೊಂದು, ಹಸಿರಿಗೊಂದು ಹೀಗೆ ಎರಡೇ ಬಗೆಯ ಶಂಕುಕೋಶಗಳಿದ್ದು, ಕೆಂಪು ಅವುಗಳಿಗೆ ಅಷ್ಟಾಗಿ ಹತ್ತುವುದಿಲ್ಲ ಎಂಬುದು ಮಂದಪ್ರಭಾವಾದಿಗಳ ವಾದ. ಪ್ರಾಣಿಗಳು ಕ್ಯಾಮೆರಾವನ್ನು ನೋಡಲೂ ಬಲ್ಲವು, ಅದರ ಸದ್ದು ಕೇಳಲೂ ಬಲ್ಲವು ಎಂದು ಆಸ್ಟ್ರೇಲಿಯಾದ ಸಂಶೋಧಕರು 2014ರಲ್ಲಿ ತೋರಿಸಿದ್ದು ಎದುರುಪಕ್ಷದ ವಾದ.

ಪ್ರಸ್ತುತ ಸಂಶೋಧಕನು ಮಂದಪ್ರಭಾ ಮತವನ್ನೇ ಒಪ್ಪಿದ್ದಾನೆ. ಈ ದೀಪ ಜಿಂಕೆಗೆ ಕಾಣಲಿ ಬಿಡಲಿ, ಮನುಷ್ಯನಿಗಂತೂ ಚೆನ್ನಾಗಿ ಕಾಣುತ್ತದೆ. ರಾತ್ರಿ ಹೊಲಕ್ಕೆ ನೀರು ಹಾಯಿಸಲು ಬಂದವರು ಬೇವಿನ ಮರದಲ್ಲಿ ಕೆಂಡ ಮಿಟುಕುವುದನ್ನು ಕಂಡು ಮೋಟಾರು ಬಂದ್ ಮಾಡಿ ಓಡಿದರು. ಮರುದಿನ ಆ ಬೇವಿನ ಬುಡದಲ್ಲಿ ಒಡೆದ ತೆಂಗಿನಕಾಯಿ, ಕುಂಕುಮ, ಎರಡು ಲಿಂಬೆಹಣ್ಣು. ಜಿಂಕೆಯಿಂದ ಮರೆಯಾಗಿರಲು ರೂಪಿಸಿದ ಯಂತ್ರವೊಂದು ಇಷ್ಟು ಬೇಗ ದೇವರ ಪದವಿಗೇರಿದ ಬೇರೆ ಉದಾಹರಣೆ ಸಾಹಿತ್ಯದಲ್ಲಿ ಸಿಗದು.

4. ಜಾತಿ ನಿರ್ಣಯ

ಕ್ಯಾಮೆರಾ ಬಂದ ಡಬ್ಬಿಯ ಮೇಲಿನ ಜಿಂಕೆಗೆ ಕವಲೊಡೆದ ಕೊಂಬು. ಅದು ವರ್ಷಕ್ಕೊಮ್ಮೆ ಉದುರಿ ಮತ್ತೆ ಮೂಡುವಂಥದ್ದು. ಘಾಟಬೋರಾಳದ್ದಕ್ಕೆ ಕವಲಿಲ್ಲ, ತಿರುಪಿನಂತೆ ಸುತ್ತಿಕೊಂಡು ಮೇಲೇರುವ, ಸಾಯುವತನಕ ಉದುರದ ಕೊಂಬು, ಅದೂ ಗಂಡಿಗೆ. ಜೀವಶಾಸ್ತ್ರದ ಪ್ರಕಾರ ಇದು ಜಿಂಕೆಯ ಕುಟುಂಬಕ್ಕೆ ಸೇರಿದ್ದೇ ಅಲ್ಲ. ದನ, ಕುರಿ, ಆಡುಗಳ ಕುಟುಂಬದ್ದು. ಗ್ರಂಥಗಳು ಕೃಷ್ಣಮೃಗ ಅನ್ನುವುದು ಇದನ್ನೇ. ಊರಿನವರು ಜಿಂಕಿ ಅನ್ನುತ್ತಾರೆ, ಬೇರೆ ಕಡೆ ಚಿಗರಿ ಅನ್ನುತ್ತಾರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲ ಅನುಸೂಚಿಯಲ್ಲಿಟ್ಟು ಕೈ ಮುಗಿಯುತ್ತದೆ. ರಾಣೆಬೆನ್ನೂರಿನಲ್ಲಿ ಇದಕ್ಕೆಂದೇ 1974ರಲ್ಲಿ ಅಭಯಾರಣ್ಯವಾಯಿತು. ಬೀದರಿನ ಹತ್ತಿರ ಹೊನ್ನಿಕೇರಿಯ ಕಾಡಿನ ಅಂಚಿನಲ್ಲೂ ಇವೆ. ಉಳಿದಂತೆ ನಮ್ಮ ಜಿಲ್ಲೆಯಲ್ಲಿ ಇವುಗಳ ಅಭಯಾರಣ್ಯವೆಂದರೆ ರೈತರ ಸೋಯಾ, ಹೆಸರು, ಕಡಲೆ, ಜೋಳ.

5. ಕ್ಯಾಮೆರಾ ಸ್ಥಾಪನೆ

ಗಟ್ಟಿ ಮರಕ್ಕೆ ಕಟ್ಟಬೇಕೆಂದು ಕೈಪಿಡಿ ಹೇಳುತ್ತದೆ. ಕೃಷ್ಣಮೃಗವೋ ಬಯಲಿನ ಪ್ರಾಣಿ. ದೂರದಿಂದ ಶತ್ರು ಕಾಣಬೇಕು, ಕಂಡೊಡನೆ ಓಡಲು ಜಾಗ ಬೇಕು. ಆದಕಾರಣ ಮರವಿದ್ದಲ್ಲಿ ಜಿಂಕೆಯಿಲ್ಲ, ಜಿಂಕೆಯಿದ್ದಲ್ಲಿ ಮರವಿಲ್ಲ. ಕೈಪಿಡಿಗೆ ಅಪಚಾರವಾಗಬಾರದೆಂದು ಮೊದಲ ಕ್ಯಾಮೆರಾವನ್ನು ಮರವಿದ್ದಲ್ಲೇ ಕಟ್ಟಲಾಯಿತು. ಅದರ ಮುಂದಿನ ಚರಿತ್ರೆಯನ್ನು ತೆಂಗಿನಕಾಯಿಯ ಸಂದರ್ಭದಲ್ಲಿ ಹೇಳಿದೆ.

ಎರಡನೆಯದನ್ನು ಬೀಳುಬಿಟ್ಟ ಹೊಲವೊಂದರಲ್ಲಿ ಹಿಕ್ಕೆಯ ಗುಡ್ಡೆಯೆದುರು ಗೂಟಕ್ಕೆ ಬಿಗಿಯಲಾಯಿತು. ಈ ಗುಡ್ಡೆ ಸಾಮಾನ್ಯದ್ದಲ್ಲ. ಪ್ರಾಯದ ಗಂಡು ತನ್ನ ಸೀಮೆಯಲ್ಲಿ ಗೊತ್ತಾದ ಜಾಗಕ್ಕೇ ಬಂದು ಹಿಕ್ಕೆ ಹಾಕುತ್ತದೆ. ಬಗ್ಗಿ ನೋಡಿದರೆ ತಳದಲ್ಲಿ ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿ ಪುಡಿಯಾಗುವ ಹಳೆಯ ಕಾಳುಗಳು, ನಡುವೆ ಕಂದು, ಮೇಲೆ ಇನ್ನೂ ಮಿನುಗುವ ಕಪ್ಪು; ಅಂಚಿನ ಹುಲ್ಲಿನ ಕಡ್ಡಿಗಳಿಗೆ ಕಣ್ಣಿನ ಮುಂದಿನ ಗ್ರಂಥಿಯಿಂದ ಒರೆಸಿದ ಅಂಟು. ಇಷ್ಟೇ ಅದರ ಪಹಣಿ. ಬೇರೆ ಗಂಡು ಬಂದು ಮೂಸಿದರೆ ಓದಿದ ಹಾಗೆ. ಒಪ್ಪಿದರೆ ಹೋಗುತ್ತದೆ, ಒಪ್ಪದಿದ್ದರೆ ಕೊಂಬು ಕೊಂಬು ತಾಗುತ್ತವೆ, ಬಿಸಿಲು ಬಲಿಯುವುದರೊಳಗೆ ತೀರ್ಪು. ಮೋಜಣಿ ಇಲ್ಲ, ವಾರಸಾ ಇಲ್ಲ, ತಕರಾರು ಅರ್ಜಿ ಇಲ್ಲ. ಮಿತಾಕ್ಷರದ ತವರಿನಲ್ಲಿದ್ದೂ ಈ ಪ್ರಾಣಿ ಆ ಗ್ರಂಥದ ಒಂದಕ್ಷರವನ್ನೂ ಬಳಸಿಕೊಂಡಿಲ್ಲವೆಂಬುದು ವಿಷಾದದ ಸಂಗತಿ.

6. ಫಲಿತಾಂಶ

ಚಿತ್ರಗಳಲ್ಲಿ ಸಿಂಹಪಾಲು ಹುಲ್ಲಿನದು. ಲೆನ್ಸಿನ ಮುಂದೆ ಗಾಳಿಗೆ ತೂಗುವ ಒಂದೇ ಎಸಳು, ಮಂದಪ್ರಭೆಯಲ್ಲಿ ಸುಣ್ಣದಂತೆ ಬೆಳ್ಳಗೆ ಹೊಳೆಯುತ್ತ, ಹಿಂದಿನ ಲೋಕವನ್ನೆಲ್ಲ ಕತ್ತಲೆಗೆ ನೂಕಿ ನಿಂತಿದೆ. ಎರಡನೆಯ ಸ್ಥಾನ ಆಡುಗಳದು. ಮುಖ್ಯವಾಗಿ ಮೂಗು, ಕೆಲವೆಡೆ ಗಡ್ಡ. ಆಡೂ ಕೃಷ್ಣಮೃಗವೂ ಒಂದೇ ಕುಟುಂಬವೆಂದು ನಾಲ್ಕನೆಯ ಅಧ್ಯಾಯದಲ್ಲಿ ಸ್ಥಾಪಿತವಾಗಿರುವುದರಿಂದ, ಕುಟುಂಬದ ಮಟ್ಟದಲ್ಲಿ ಸಂಶೋಧನೆ ಪೂರ್ಣ ಯಶಸ್ವಿ. ಮೂರನೆಯ ಸ್ಥಾನದಲ್ಲಿ ಆಡು ಕಾಯುವ ಹುಡುಗರು: ಮೊದಲು ಒಬ್ಬ, ಆಮೇಲೆ ಗುಂಪಾಗಿ, ಕೊನೆಗೆ ತಲೆ ಬಾಚಿಕೊಂಡು.

ಕೊನೆಯಲ್ಲಿ ಬಂದವು ನಿಜವಾದ ಕೃಷ್ಣಮೃಗಗಳು. ಮುಂದೆ ಕಪ್ಪು ಬೆನ್ನಿನ ಗಂಡು, ಹಿಂದೆ ಕಂದು ಬಣ್ಣದ ಹೆಣ್ಣುಗಳ ಹಿಂಡು, ಬಾಯ್ತುಂಬ ಸೋಯಾ. ಚಿತ್ರದ ಕೆಳಗಿನ ಪಟ್ಟಿಯಲ್ಲಿ ಸಮಯ ರಾತ್ರಿ 12 ಗಂಟೆ 7 ನಿಮಿಷ. ಜಿಂಕೆ ನಡುರಾತ್ರಿಯಲ್ಲೇ ಸಂಚರಿಸುತ್ತದೆ ಎಂಬ ಪ್ರಾಕ್ಕಲ್ಪನೆ ಇದರಿಂದ ನಿರ್ವಿವಾದವಾಗಿ ಸಿದ್ಧವಾಯಿತು. ಚಿತ್ರದಲ್ಲಿ ಬಿಸಿಲು, ಕಾಲಬುಡದಲ್ಲಿ ಗಿಡ್ಡ ನೆರಳು, ಹಿಂದುಗಡೆ ಬುತ್ತಿ ಬಿಚ್ಚಿ ಕೂತ ಹೆಣ್ಣುಮಕ್ಕಳು ಕಾಣುತ್ತಿರುವುದು ನಿಜ. ಮಂದಪ್ರಭೆಯ ದೀಪ ಎಷ್ಟು ಪ್ರಖರವಾಗಿರಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

7. ಕಾಲಗಣನೆ

ಚಿತ್ರದ ಕೆಳಗೆ ತಾರೀಖು, ಸಮಯ, ಶಾಖ, ಚಂದ್ರನ ಕಲೆ ಅಚ್ಚಾಗುತ್ತವೆ. ಚಾಲುಕ್ಯ ಶಾಸನಗಳಲ್ಲೂ ವರ್ಷ, ತಿಥಿ, ವಾರ, ಸಂಕ್ರಮಣ ಇರುತ್ತವೆ. ದಾನಿಯ ಹೆಸರೊಂದು ಹೆಚ್ಚು. ಇದೇ ತಾಲೂಕಿನ ಜಲಸಂಗಿಯ ಗುಡಿಯ ಹೊರಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ವಿಕ್ರಮಾದಿತ್ಯನ ಪ್ರಶಸ್ತಿ ಬರೆಯುತ್ತ ಒಂಬತ್ತು ಶತಮಾನಗಳಿಂದ ನಿಂತಿದ್ದಾಳೆ. ಅವಳಿಗೆ ಸೆಲ್ಲು ಬದಲಾಯಿಸಬೇಕಾಗಿಲ್ಲ. ಕ್ಯಾಮೆರಾಕ್ಕೆ ಬೇಕು. ಸೆಲ್ಲು ತೆಗೆದು ಹಾಕಿದಾಗ ಅದು ಜನವರಿ 1, ರಾತ್ರಿ 12 ಗಂಟೆಯಿಂದ ಹೊಸದಾಗಿ ಎಣಿಸತೊಡಗುತ್ತದೆ. ಕೆಲವರು ಇದನ್ನು ದೋಷವೆಂದಾರು. ಪಟ್ಟಕ್ಕೆ ಬಂದ ವಿಕ್ರಮಾದಿತ್ಯ ಶಕವರ್ಷವನ್ನು ಬದಿಗೊತ್ತಿ 1076ರಿಂದ ತನ್ನದೇ ಚಾಲುಕ್ಯ ವಿಕ್ರಮ ವರ್ಷ ಶುರು ಮಾಡಿದಾಗ ಅದನ್ನು ಯಾರೂ ದೋಷವೆನ್ನಲಿಲ್ಲ. ಆದ್ದರಿಂದ ಈ ಪ್ರಬಂಧದ ತಾರೀಖುಗಳೆಲ್ಲ 'ಸೆಲ್ಲು ಶಕೆ'ಯಲ್ಲಿವೆ.

8. ಸಮಾಜೋಪಯೋಗ

ಸಂಶೋಧನೆ ಜನರಿಗೆ ಮುಟ್ಟಬೇಕು. ಬೆಳೆಹಾನಿ ಪರಿಹಾರಕ್ಕೆ ಫೋಟೊ ಬೇಕೆಂದು ಹೊಲದ ಯಜಮಾನರು ಕೇಳಿದಾಗ, ಮೇಲಿನ ಚಿತ್ರದ ಪ್ರತಿಯನ್ನು ಉಚಿತವಾಗಿ ಕೊಡಲಾಯಿತು. ಅವರು ಅದನ್ನು ಪಹಣಿ, ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸ್ ಜೊತೆ ಸಂಬಂಧಪಟ್ಟ ಕಚೇರಿಗೆ ಕೊಟ್ಟರು. ಜನವರಿಯಲ್ಲಿ ಸೋಯಾ ಎಲ್ಲಿಂದ ಬಂತು, ಜೂನಿನಲ್ಲಿ ಬಿತ್ತುವ ಬೆಳೆಯನ್ನು ಜಿಂಕೆ ಮೊದಲೇ ಹೇಗೆ ಮೇದಿತು ಎಂದು ಕಚೇರಿ ವಿವರಣೆ ಕೇಳಿತು. ಯಜಮಾನರು, "ಸಾಹೇಬರೇ, ನಿಮ್ಮ ಡಬ್ಬಿ ಬ್ಯಾಡ, ನೀವೇ ಬಂದು ಒಂದ್ ಮಾತ್ ಹೇಳ್ರಿ, ಕಣ್ಣಾರೆ ನೋಡೀನಿ ಅಂತ" ಎಂದರು. ಕಣ್ಣಾರೆ ನೋಡುವುದು ಈ ಸಂಶೋಧನೆಯ ವಿಧಾನಕ್ಕೆ ಹೊರತಾದ್ದರಿಂದ ನಿರಾಕರಿಸಬೇಕಾಯಿತು.

9. ಮುಂದಿನ ಅಧ್ಯಯನಕ್ಕೆ ದಿಕ್ಸೂಚಿ

ನಾಚಿಕೆ, ಗುಪ್ತಸಂಚಾರ, ಬೆಳಕಿನ ಭಯ ಎಂದು ಜಿಂಕೆಗೆ ಆರೋಪಿಸಿದ ಲಕ್ಷಣಗಳೆಲ್ಲ ನಿಜವಾಗಿ ಕಂಡುಬಂದದ್ದು ಯಜಮಾನರ ಪರಿಹಾರದ ಕಡತದಲ್ಲಿ. ಅದು ಒಂದು ಮೇಜಿನಿಂದ ಇನ್ನೊಂದಕ್ಕೆ ಸರಿಯುವುದನ್ನು ಕಂಡವರಿಲ್ಲ. ಹೆಜ್ಜೆಗುರುತಿಲ್ಲ. ಹಗಲು ಹನ್ನೊಂದಕ್ಕೆ ಹೋದರೆ "ಈಗಷ್ಟೇ ಮ್ಯಾಲ ಹೋಯ್ತ್ರಿ" ಅನ್ನುತ್ತಾರೆ. ಮೇಲೆ ಹೋದರೆ ಕೆಳಗೆ ಇಳಿದಿರುತ್ತದೆ. ಚಲಿಸದ ವಸ್ತು ಶಾಖಗ್ರಾಹಿಗೆ ತಿಳಿಯುವುದಿಲ್ಲವಾದ್ದರಿಂದ ಗೊತ್ತಾದ ಅವಧಿಗೊಮ್ಮೆ ತಾನೇ ಚಿತ್ರ ತೆಗೆಯುವ ವ್ಯವಸ್ಥೆ ಬೇಕು. ಕೆಂಪು ದೀಪಕ್ಕೆ ಕಚೇರಿಗಳು ಒಗ್ಗಿಹೋಗಿರುವುದರಿಂದ ಮಂದಪ್ರಭೆ ನಡೆಯದು, 940ರ ಅಗೋಚರ ದೀಪವೇ ಆಗಬೇಕು.

ಈ ಅಧ್ಯಯನಕ್ಕೆ ಅನುದಾನ ಕೋರಿ ಅದೇ ಕಚೇರಿಗೆ ಅರ್ಜಿ ಸಲ್ಲಿಸಲಾಗಿದೆ. ಅರ್ಜಿ ಸದ್ಯ ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲವಾದ್ದರಿಂದ ಅದನ್ನೇ ಸಂಶೋಧನೆಯ ಮೊದಲ ಮಾದರಿಯೆಂದು ಪರಿಗಣಿಸಿ ಕೆಲಸ ಆರಂಭಿಸಲಾಗಿದೆ.