ಎಡಗಿವಿ ಸಿಕ್ಕಿತೆ?

ನಾನು ಒಂದನೇ ಕ್ಲಾಸಿಗೆ ಸೇರಿದ್ದು ಕಿವಿಯ ಕೃಪೆಯಿಂದ. ಅರಸೀಕೆರೆ ಸೀಮೆಯ ನಮ್ಮೂರಲ್ಲಿ ಹೆಡ್‌ಮೇಷ್ಟ್ರು ಶಾಲೆಯ ಜಗಲಿಯ ಮೇಲೆ ನಿಲ್ಲಿಸಿ, 'ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟೋ' ಅಂದರು. ಬೆರಳ ತುದಿ ತಾಗಿತು. 'ಸಿಕ್ತು, ಬರ್ಕೊಳ್ಳಿ' ಅಂದರು. ಹುಟ್ಟಿದ ತಾರೀಖು ಕೇಳಿದಾಗ ಅವ್ವ 'ಕೆರೆ ಕೋಡಿ ಬಿದ್ದ ವರ್ಷ' ಎಂದಳು. ಮೇಷ್ಟ್ರು ಜೂನ್ 1 ಎಂದು ಬರೆದು ಮುಗಿಸಿದರು. ನಮ್ಮ ಕ್ಲಾಸಿನ ಅರ್ಧಕ್ಕರ್ಧ ಹುಡುಗರು ಜೂನ್ 1ರಂದೇ ಹುಟ್ಟಿದವರು. ಊರಿನ ಸೂಲಗಿತ್ತಿ ಆ ದಿನ ಪಾಪ ಎಷ್ಟು ಓಡಾಡಿದಳೋ. ನನ್ನ ತಂಗಿಗೆ ಮೊದಲ ವರ್ಷ ಕಿವಿ ಸಿಗಲಿಲ್ಲ. ಮನೆಗೆ ಬಂದು ಇನ್ನೊಂದು ವರ್ಷ ಕುಂಟೆಬಿಲ್ಲೆ ಆಡಿಕೊಂಡಿದ್ದಳು. ಅದಕ್ಕಾಗಿ ಯಾರೂ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ಯಲಿಲ್ಲ. ಇಡೀ ಅಡ್ಮಿಷನ್ನಿಗೆ ಹಿಡಿದ ಹೊತ್ತು ಮೇಷ್ಟ್ರು ಒಂದು ಸಲ ಎಲೆಅಡಿಕೆ ಹಾಕಿಕೊಳ್ಳುವಷ್ಟು.

ಈಗ ಮೊಮ್ಮಗಳ ಸರದಿ ಬಂದಿತ್ತು. ಬೆಂಗಳೂರಿನಲ್ಲಿ ಎಲ್‌ಕೆಜಿ ಸೀಟಿನ ಬೇಟೆ ದಸರೆಯ ಬೊಂಬೆ ಎತ್ತಿಡುವ ಮೊದಲೇ ಶುರುವಾಗುತ್ತದೆ. ವಿಜಯದಶಮಿಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವಿನ ಬೆರಳು ಹಿಡಿದು ಓಂಕಾರ ಬರೆಸೋಣ ಅಂತ ನಾನು ಕಾಯುತ್ತಿದ್ದರೆ, ಮಗ ಲ್ಯಾಪ್‌ಟಾಪಿನಲ್ಲಿ ಹನ್ನೊಂದು ಶಾಲೆಗಳ ಎಕ್ಸೆಲ್ ಶೀಟು ತುಂಬಿಸುತ್ತಿದ್ದ. ಫೀಸು, ದೂರ, ಸಿಲಬಸ್ಸು, ಸ್ಟಾರ್ ರೇಟಿಂಗು, ಕ್ರೌಡು. ಕ್ರೌಡು ಅಂದರೇನಪ್ಪಾ ಎಂದೆ. 'ಎಂಥ ಮನೆ ಮಕ್ಕಳು ಬರ್ತಾರೆ ಅಂತ, ಅಪ್ಪ' ಎಂದ. ಎಂಥ ಮೇಷ್ಟ್ರು ಬರ್ತಾರೆ ಅನ್ನುವುದಕ್ಕೆ ಕಾಲಂ ಇರಲಿಲ್ಲ.

ಮೊದಲು ಕಂಟಕ ಒಡ್ಡಿದ್ದು ವಯಸ್ಸು. ಮೇಷ್ಟ್ರು ನನಗೆ ದಯಪಾಲಿಸಿದ ಹುಟ್ಟುಹಬ್ಬವನ್ನೇ ಸರ್ಕಾರ ಈಗ ಗಡಿಕಲ್ಲು ಮಾಡಿಕೊಂಡಿದೆ. ಜೂನ್ 1ಕ್ಕೆ 6 ವರ್ಷ ತುಂಬಿದ್ದರೆ ಒಂದನೇ ಕ್ಲಾಸು, 4 ತುಂಬಿದ್ದರೆ ಎಲ್‌ಕೆಜಿ. ಈ 6 ವರ್ಷದ ಆದೇಶ ಹೊರಟದ್ದು 2022ರಲ್ಲಿ. ಜಾರಿ 2025-26ಕ್ಕೆ ಮುಂದೆ ಹೋಯಿತು. ಆ ವರ್ಷ ಬಂದೇ ಬಿಟ್ಟಾಗ, ಯುಕೆಜಿ ಮುಗಿಸಿ ನಿಂತ ಮಕ್ಕಳ ತಂದೆತಾಯಂದಿರು ಗಲಾಟೆ ಮಾಡಿದರು. ಏಪ್ರಿಲಿನಲ್ಲಿ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ, ಆ ಒಂದು ವರ್ಷದ ಮಟ್ಟಿಗೆ, 5 ವರ್ಷ 5 ತಿಂಗಳು ಸಾಕು ಎಂದಾಯಿತು. ಮೂರು ವರ್ಷ ಮುಂಚೆ ಗೊತ್ತಿದ್ದ ಹಬ್ಬಕ್ಕೆ ಹಿಂದಿನ ರಾತ್ರಿ ಸುಣ್ಣ ಬಳಿಯುವುದು ನಮ್ಮ ಇಲಾಖೆಗಳ ಕುಲಾಚಾರ. ನಮ್ಮವಳು ಹುಟ್ಟಿದ್ದು ಮೇ ಕೊನೆಯಲ್ಲಿ, ಬಚಾವಾದೆವು. ಎದುರು ಫ್ಲಾಟಿನ ಮಗು ಜೂನ್ 3ರದು. ಅವರಮ್ಮ ಇವತ್ತಿಗೂ ಆ ಎರಡು ದಿನವನ್ನು ಹೆರಿಗೆ ಡಾಕ್ಟರ ಲೆಕ್ಕಕ್ಕೆ ಬರೆಯುತ್ತಾರೆ.

ವಯಸ್ಸು ದಾಟಿದ ಮೇಲೆ ಇಂಟರಾಕ್ಷನ್ನು. ಇಂಟರ್‌ವ್ಯೂ ಅನ್ನಬಾರದಂತೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ನು ಮಗುವನ್ನಾಗಲಿ ಹೆತ್ತವರನ್ನಾಗಲಿ ಪ್ರವೇಶಕ್ಕಾಗಿ ಪರೀಕ್ಷೆಗೆ ಒಡ್ಡಕೂಡದು ಎನ್ನುತ್ತದೆ. ಒಡ್ಡಿದರೆ ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೆ 50,000. ಇದನ್ನು ಓದಿ ನಾನು ಹುರುಪುಗೊಂಡೆ. ಬೆಳಗಿನ ವಾಕಿಂಗ್ ಗೆಳೆಯರಾದ ನಿವೃತ್ತ ವಕೀಲರು ತಣ್ಣೀರೆರಚಿದರು: 'ಸ್ವಾಮಿ, ಆ ಕಾಯ್ದೆ 6ರಿಂದ 14 ವರ್ಷದವರಿಗೆ. ನರ್ಸರಿ ಪ್ರವೇಶಕ್ಕೆ ಅದು ಅನ್ವಯಿಸಲ್ಲ ಅಂತ ದೆಹಲಿ ಹೈಕೋರ್ಟು 2013ರಲ್ಲೇ ಹೇಳಿದೆ.' ಅಂದರೆ ಆರು ತುಂಬಿದವನನ್ನು ಪ್ರಶ್ನೆ ಕೇಳಿದರೆ ಅಪರಾಧ, ಮೂರೂವರೆಯವಳನ್ನು ಕೇಳಿದರೆ ಇಂಟರಾಕ್ಷನ್. ಹಾಲುಹಲ್ಲು ಬೀಳುವ ತನಕ ಮಗುವಿಗೆ ವಕೀಲರಿಲ್ಲ.

ಅಸಲಿಗೆ ಅದು ಹೆಣ್ಣು ನೋಡುವ ಶಾಸ್ತ್ರ. ಹೆಣ್ಣಿನ ಕಡೆಯವರು ನಾವಾದ್ದರಿಂದ ಉಪ್ಪಿಟ್ಟು, ಕೇಸರಿಬಾತಿನ ಖರ್ಚು ನಮ್ಮದೇ. ಅದಕ್ಕೆ ಅಪ್ಲಿಕೇಶನ್ ಫೀ ಎಂದು ಹೆಸರು, ವಾಪಸು ಬರುವುದಿಲ್ಲ. ಒಂದು ತಿಂಗಳಿಂದ ಮನೆಯಲ್ಲಿ ಇಂಗ್ಲಿಷ್ ವ್ರತ ನಡೆದಿತ್ತು. ಸೊಸೆ ಬಂದು, 'ಮಾವ, ಅವಳ ಹತ್ರ ಸ್ವಲ್ಪ ದಿನ ಕನ್ನಡ ಕಮ್ಮಿ ಮಾಡಿ' ಅಂದಳು, ಡಾಕ್ಟರು ಉಪ್ಪು ಕಮ್ಮಿ ಮಾಡಿ ಅನ್ನುವ ಧಾಟಿಯಲ್ಲಿ. ನಾನು ಹತ್ತು ದಿನ ಮೂಕನಾಗಿದ್ದೆ.

ಆ ದಿನ ಬಂತು. ಮೇಡಂ ಒಂದು ಚಿತ್ರ ಹಿಡಿದು ಇದೇನು ಎಂದರು, ಇಂಗ್ಲಿಷಿನಲ್ಲಿ. ಮೊಮ್ಮಗಳು ಬಗ್ಗಿ ನೋಡಿ, 'ಇದು ಪಚ್ಚಬಾಳೆ. ಇದು ತಿಂದ್ರೆ ನಮ್ ತಾತಂಗೆ ಶೀತ ಆಗತ್ತೆ. ನಮ್ಮನೇಲಿ ಏಲಕ್ಕಿ ತರ್ತೀವಿ' ಎಂದಳು. ಹಣ್ಣು ಗುರುತಿಸಿದಳು, ತಳಿ ಬೇರ್ಪಡಿಸಿದಳು, ಗುಣದೋಷ ಹೇಳಿದಳು, ಪರ್ಯಾಯವನ್ನೂ ಸೂಚಿಸಿದಳು. ಮೇಡಂ ಫಾರಮ್ಮಿನಲ್ಲಿ 'ನೀಡ್ಸ್ ಎಕ್ಸ್‌ಪೋಶರ್' ಎಂದು ಬರೆದರು. ಆಮೇಲೆ ಹೆತ್ತವರ ಸರದಿ. ಮಗು ದಿನಕ್ಕೆ ಎಷ್ಟು ಹೊತ್ತು ಮೊಬೈಲು ನೋಡುತ್ತೆ? 'ನೋಡೋದೇ ಇಲ್ಲ' ಎಂದ ಮಗ, ಜೇಬಿನಲ್ಲಿ ಕಾರ್ಟೂನು ಇನ್ನೂ ಹಾಡುತ್ತಿದ್ದಾಗಲೇ.

ಮನೆಗೆ ಬಂದು ಅವಳನ್ನು ಬಾಲ್ಕನಿಯಲ್ಲಿ ನಿಲ್ಲಿಸಿ ನಮ್ಮ ಕಾಲದ ಪರೀಕ್ಷೆ ಮಾಡಿದೆ. ಎಡಗಿವಿಗೆ ಇನ್ನೂ ಎರಡು ಅಂಗುಲ ಬೇಕು.

ನಮ್ಮನ್ನು ಅಷ್ಟೊಂದು ಪರೀಕ್ಷಿಸಿದವರನ್ನು ನಾವು ಕೇಳಿದ್ದೇನು? ಕ್ಯಾಂಪಸ್ ಟೂರಿನಲ್ಲಿ ಕುದುರೆ ತೋರಿಸಿದರು. ಹೌದು, ಕುದುರೆ. ನಾಲ್ಕು ವರ್ಷದವರ ರೋಬಾಟಿಕ್ಸ್ ಲ್ಯಾಬು, ಈಜುಕೊಳ, ಮಗು ತಿಂಡಿ ತಿನ್ನುವುದನ್ನು ಆಫೀಸಿನಲ್ಲಿ ಕೂತೇ ನೋಡುವ ಕ್ಯಾಮೆರಾ ತೋರಿಸಿದರು. ಒಂದು ಕ್ಲಾಸಿಗೆ ಎಷ್ಟು ಮಕ್ಕಳು ಎಂದು ನಾನು ಕೇಳಿದೆ. 'ಮೂವತ್ತೈದು ಸರ್, ಬಟ್ ಸ್ಮಾರ್ಟ್ ಬೋರ್ಡ್ ಇದೆ.' ಕೇಂದ್ರ ಸರ್ಕಾರದ 2013ರ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ 3ರಿಂದ 6 ವರ್ಷದ 20 ಮಕ್ಕಳಿಗೆ ಒಬ್ಬ ವಯಸ್ಕರು ಇರಬೇಕೆನ್ನುತ್ತದೆ. ಮೇಲಿನ ಹದಿನೈದನ್ನು ಸ್ಮಾರ್ಟ್ ಬೋರ್ಡು ನೋಡಿಕೊಳ್ಳುತ್ತದೆ ಅಂತ ಕಾಣುತ್ತದೆ. ಒಳ್ಳೆಯ ಯಂತ್ರ, ಮೂಗು ಒರೆಸಲು ಮಾತ್ರ ಬರುವುದಿಲ್ಲ. ಈ ಮಿಸ್ಸು ಎಷ್ಟು ವರ್ಷದಿಂದ ಇದ್ದಾರೆ ಎಂದೆ. 'ನಾವು ಫ್ರೆಶ್ ಟ್ಯಾಲೆಂಟ್‌ಗೆ ಪ್ರಿಫರೆನ್ಸ್ ಕೊಡ್ತೀವಿ.' ಅವರಿಗೆ ಸಂಬಳ ಎಷ್ಟು ಕೊಡುತ್ತೀರಿ ಎಂದು ಬಾಯಿ ತೆರೆಯುವಷ್ಟರಲ್ಲಿ ಮಗ ನನ್ನ ಕಾಲು ತುಳಿದ.

ಇನ್ನು ಹೆಸರಿನ ಬೋರ್ಡುಗಳ ಮಾತು. ನಮ್ಮ ರಸ್ತೆಯೊಂದರಲ್ಲೇ ಮೂರು ಮಾಂಟೆಸ್ಸೋರಿಗಳಿವೆ; ಒಂದು ಜೆರಾಕ್ಸ್ ಅಂಗಡಿಯ ಮಹಡಿ ಮೇಲಿದೆ. ಮರಿಯಾ ಮಾಂಟೆಸ್ಸೋರಿ 1907ರಲ್ಲಿ ರೋಮಿನ ಸ್ಯಾನ್ ಲೊರೆಂಜೊ ಎಂಬ ಬಡ ಕೇರಿಯಲ್ಲಿ, ಕೂಲಿಗೆ ಹೋದವರ ಮಕ್ಕಳಿಗಾಗಿ ತಮ್ಮ ಮೊದಲ 'ಮಕ್ಕಳ ಮನೆ' ತೆರೆದವರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದಿಂದಾಗಿ ಇಲ್ಲೇ ಉಳಿದು, ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ ತರಬೇತಿ ಕೊಟ್ಟರು. ಅವರ ಕ್ರಮದಲ್ಲಿ ಮೂರರಿಂದ ಆರರ ಮಕ್ಕಳು ಒಂದೇ ಕೋಣೆಯಲ್ಲಿ ಕಲೆತು, ತಮಗೆ ಬೇಕಾದ ಕೆಲಸ ಆರಿಸಿಕೊಂಡು, ಬೇಕಾದಷ್ಟು ಹೊತ್ತು ಮಾಡುತ್ತಾರೆ. ನಮ್ಮ ಮಹಡಿಯ ಮಾಂಟೆಸ್ಸೋರಿಯಲ್ಲಿ ಎಲ್‌ಕೆಜಿ ಬೇರೆ, ಯುಕೆಜಿ ಬೇರೆ, ನಲವತ್ತು ನಿಮಿಷಕ್ಕೊಂದು ಬೆಲ್ಲು, ಸಂಜೆಗೆ ಹೋಂವರ್ಕು. ಹೆಸರಿಗೆ ಯಾರ ಅಪ್ಪಣೆಯೂ ಬೇಡ. ನಾಳೆ ಎಳನೀರು ಅಂಗಡಿಗೂ ಇಡಬಹುದು. ಕಿಂಡರ್‌ಗಾರ್ಟನ್ನಿನ ಕಥೆಯೂ ಇದೇ. ಜರ್ಮನಿಯ ಫ್ರೋಬೆಲ್ 1840ರಲ್ಲಿ ಕಟ್ಟಿದ ಆ ಪದಕ್ಕೆ ಮಕ್ಕಳ ತೋಟ ಎಂದರ್ಥ. ಪ್ರಷ್ಯಾ ಸರ್ಕಾರ ಅದರಲ್ಲಿ ಅಪಾಯ ಕಂಡು 1851ರಲ್ಲಿ ನಿಷೇಧಿಸಿತ್ತು. ನಮ್ಮ ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನ ಎಂದಾಗಲೂ ಅದೇ ಕನಸು: ತೋಟ, ವನ. ಈಗಿನವರು ಹೆಚ್ಚು ಪ್ರಾಮಾಣಿಕರು, ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸಿ ಗಾರ್ಡನ್ ಎನ್ನುತ್ತಾರೆ, ಮಳೆಗಾಲದಲ್ಲೂ ಕೆಸರಾಗುವುದಿಲ್ಲ.

ಇದೇ ಅಪಾರ್ಟ್‌ಮೆಂಟಿನ ಹಿಂದಿನ ಗಲ್ಲಿಯಲ್ಲಿ ಒಂದು ಅಂಗನವಾಡಿ ಇದೆ. ನಮ್ಮ ವಾಚ್‌ಮನ್ನಿನ ಮಗು, ಮನೆಗೆಲಸದವಳ ಮಗು ಅಲ್ಲಿಗೆ ಹೋಗುತ್ತವೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿಗಳ ಯೋಜನೆ ಶುರುವಾದಾಗ ಕರ್ನಾಟಕದ ಮೊದಲ ಪ್ರಯೋಗ ನಡೆದದ್ದು ತಿ. ನರಸೀಪುರದಲ್ಲಿ. ನಾನು ಸುಮ್ಮನೆ ಹೋಗಿ ಕುಳಿತೆ. ಹದಿನಾರು ಮಕ್ಕಳಿದ್ದವು. ಟೀಚರಿಗೆ ಹದಿನಾರೂ ಮಕ್ಕಳ ಹೆಸರಷ್ಟೇ ಅಲ್ಲ, ಯಾವ ಮಗುವಿಗೆ ಕೆಮ್ಮು, ಯಾವುದರ ಅಪ್ಪ ನಿನ್ನೆ ಕುಡಿದು ಬಂದ, ಯಾವುದು ಮೊಟ್ಟೆಯ ಹಳದಿ ಬಿಟ್ಟು ಬಿಳಿ ಮಾತ್ರ ತಿನ್ನುತ್ತದೆ ಎಲ್ಲ ಗೊತ್ತು. ಸ್ವರ್ಗವೇನಲ್ಲ ಅದು. ಕೋಣೆ ಕತ್ತಲೆ, ಅಂಗಳವಿಲ್ಲ. ಪುಸ್ತಕಗಳು ಹರಿದಾವೆಂದು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿವೆ. ಟೀಚರು ಸರ್ವೆ, ಚುನಾವಣೆ, ರಿಜಿಸ್ಟರು ಎಂದು ಅರ್ಧ ದಿನ ಸರ್ಕಾರದ ಮಗುವನ್ನೇ ಆಡಿಸುತ್ತಿರುತ್ತಾರೆ, ಅದೂ ಸಂಬಳಕ್ಕಲ್ಲ, ಗೌರವಧನಕ್ಕೆ. 2024ರಲ್ಲಿ ಸರ್ಕಾರ ಬೆಂಗಳೂರಿನ 250 ಅಂಗನವಾಡಿಗಳನ್ನು ಸರ್ಕಾರಿ ಮಾಂಟೆಸ್ಸೋರಿ ಎಂದು ಕರೆಯಿತು. ಬೋರ್ಡಿನ ಮಹಿಮೆ ವಿಧಾನಸೌಧಕ್ಕೂ ತಿಳಿಯಿತು ಅನ್ನಿ.

ರಾತ್ರಿ ಊಟದ ಹೊತ್ತಿಗೆ, 'ಇವಳನ್ನ ಒಂದು ವರ್ಷ ಅಂಗನವಾಡಿಗೆ ಕಳಿಸಿದ್ರೆ ಹೇಗೆ?' ಎಂದೆ. ಸೊಸೆ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು. ಮಗ, 'ಅಪ್ಪ, ಕ್ರೌಡು...' ಎಂದು ನಿಲ್ಲಿಸಿದ. ನಿಜ ಹೇಳಬೇಕೆಂದರೆ ಅವರು ಬೇಡ ಎಂದಾಗ ನನಗೂ ಒಳಗೊಳಗೇ ಸಮಾಧಾನವಾಯಿತು. ನೆಂಟರ ಮದುವೆಯಲ್ಲಿ 'ಮೊಮ್ಮಗಳು ಯಾವ ಸ್ಕೂಲು' ಎಂದು ಕೇಳುತ್ತಾರಲ್ಲ.

ವಾಚ್‌ಮನ್ನಿನ ಮಗು ನಮ್ಮ ಶಾಲೆಗೆ ಬರಲಿ ಅಂತಲೂ ಒಂದು ಕಾನೂನು ಇತ್ತು: ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಶೇ. 25 ಸೀಟು. ಸುತ್ತಮುತ್ತ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿಯವರು ಆ ಸೀಟು ಕೊಡಬೇಕಿಲ್ಲ ಎಂದು ನಮ್ಮ ಸರ್ಕಾರವೇ ನಿಯಮ ತಿದ್ದಿತು, 2019ರಲ್ಲಿ ಹೈಕೋರ್ಟೂ ಒಪ್ಪಿತು. ಕ್ರೌಡಿನ ಕಾಲಂ ತನ್ನಷ್ಟಕ್ಕೆ ಚೊಕ್ಕವಾಯಿತು.

ಕೊನೆಗೆ ಸೀಟು ಸಿಕ್ಕಿತು, ಎಕ್ಸ್‌ಪೋಶರ್ ಇಲ್ಲದಿದ್ದರೂ. ಡೊನೇಷನ್ ತೆಗೆದುಕೊಳ್ಳುವುದಿಲ್ಲವಂತೆ, ನಾವೇ ಸ್ವಇಚ್ಛೆಯಿಂದ ಕಟ್ಟಡ ನಿಧಿಗೆ ಕೊಟ್ಟೆವು. ಎಷ್ಟು ಸ್ವಇಚ್ಛೆಯಿಂದ ಕೊಡಬೇಕೆಂಬುದನ್ನು ಚೀಟಿಯಲ್ಲಿ ಬರೆದು ತೋರಿಸಿ, ಚೀಟಿ ವಾಪಸು ಇಸಿದುಕೊಂಡರು. ಆಗಸ್ಟಿನಲ್ಲಿ ಮಿಸ್ಸು ಬದಲಾದರು. ಮೊಮ್ಮಗಳು ಎರಡು ದಿನ ಊಟ ಬಿಟ್ಟಳು. ಹೊಸ ಮಿಸ್ಸು ಇನ್ನೂ ಫ್ರೆಶ್ಶು.

ಈ ದಸರೆಗೆ ಫಾರಂ ತರಲು ಹೊರಟವರಲ್ಲಿ ಒಂದು ವಿನಂತಿ. ಕುದುರೆ ಆಮೇಲೆ ನೋಡಿ. ಮಧ್ಯಾಹ್ನ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತು, ಮಿಸ್ಸು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರಾ, ಐಡಿ ಕಾರ್ಡು ತಿರುಗಿಸಿ ಓದುತ್ತಾರಾ ಗಮನಿಸಿ. ಹೋದ ವರ್ಷವೂ ಇದೇ ಮಿಸ್ಸೇ ಇದ್ದರಾ ಅಂತ ಆಯಾ ಅವರನ್ನು ಕೇಳಿ, ಅಡ್ಮಿಷನ್ ಕೌನ್ಸೆಲರನ್ನು ಕೇಳಬೇಡಿ. ಆಮೇಲೆ ಒಳಗೆ ಹೋಗಿ, ಕೈ ತೊಳೆಯುವ ನಲ್ಲಿ ಮಗುವಿಗೆ ಎಟುಕುತ್ತದಾ ನೋಡಿ. ನಮ್ಮವಳ ಶಾಲೆಯಲ್ಲಿ ಎಟುಕುವುದಿಲ್ಲ.