ಗಣಕ ದೇಹಾಂತರ ಪ್ರಕರಣ

ಶಾಸ್ತ್ರ ಬರೆಯಲು ಕೂತವನು ಅನುಬಂಧ ಚತುಷ್ಟಯವನ್ನು ಹೇಳದೆ ಮುಂದಕ್ಕೆ ಹೋಗಕೂಡದು ಎಂಬುದು ಹಿರಿಯರ ಕಟ್ಟಳೆ. ಹೇಳಿಬಿಡುತ್ತೇನೆ. ವಿಷಯ: ದುಡ್ಡು ಕೊಟ್ಟು ಕೊಂಡ ಕಂಪ್ಯೂಟರ್ ಆಟವನ್ನು ಎಷ್ಟು ಸಲ ಇನ್‌ಸ್ಟಾಲ್ ಮಾಡಿಕೊಳ್ಳಬಹುದು ಎಂಬ ಮಿತಿ. ಸಂಬಂಧ: ಆಟಕ್ಕೂ ಯಂತ್ರಕ್ಕೂ ಇರುವಂಥದು, ಇದನ್ನು ಕೊಂಡವನು ಬೇಕೆಂದಾಗ ಬಿಡಿಸಬಹುದಾದ ಸಂಯೋಗವೆಂದೂ ಮಾರಿದವನು ಎಂದೂ ಬಿಡದ ಸಮವಾಯವೆಂದೂ ತಿಳಿದದ್ದೇ ಎಲ್ಲ ಜಗಳದ ಮೂಲ. ಪ್ರಯೋಜನ: ಹೊಸ ಮದರ್‌ಬೋರ್ಡಿನ ಮೇಲೆ ಹಳೆಯ ಆಟ ತೆರೆಯದಿದ್ದಾಗ ಯಾರನ್ನು ಬಯ್ಯಬೇಕೆಂಬ ನಿಶ್ಚಿತ ಜ್ಞಾನ. ಇನ್ನು ಅಧಿಕಾರಿ: ಅಸಲಿ ಪ್ರತಿ ಕೊಂಡವನು ಮಾತ್ರ. ಟೊರೆಂಟಿನಿಂದ ಇಳಿಸಿಕೊಂಡವನಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ. ಅವನ ಪ್ರತಿಯಲ್ಲಿ ಮಿತಿಯೇ ಇಲ್ಲವಾದ್ದರಿಂದ ಅವನಿಗೆ ಜಿಜ್ಞಾಸೆಯೂ ಹುಟ್ಟುವುದಿಲ್ಲ.

ಮೊದಲ ತೊಡಕು ‘ಅದೇ ಕಂಪ್ಯೂಟರ್’ ಎಂಬ ಪದಾರ್ಥದ್ದು. ಮಿಲಿಂದ ರಾಜನಿಗೂ ನಾಗಸೇನ ಭಿಕ್ಷುವಿಗೂ ನಡೆದ ಸಂವಾದದಲ್ಲಿ ರಥದ ಪ್ರಸಂಗ ಬರುತ್ತದೆ. ಅಚ್ಚು ರಥವಲ್ಲ, ಗಾಲಿ ರಥವಲ್ಲ, ನೊಗವೂ ಅಲ್ಲ. ಹಾಗಾದರೆ ರಾಜ ಏರಿ ಬಂದದ್ದು ಏನನ್ನು ಎಂದು ಭಿಕ್ಷು ಕೇಳುತ್ತಾನೆ. ಅವನು ಬಿಟ್ಟ ಎಳೆಯನ್ನು ಸುಮಾರು ಎರಡು ಸಾವಿರ ವರ್ಷಗಳ ಮೇಲೆ ಮೈಕ್ರೋಸಾಫ್ಟ್ ಹಿಡಿಯಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಯಂತ್ರವನ್ನು ಹತ್ತು ಅಂಗಗಳಾಗಿ ಕಂಡಿತು: ಪ್ರೊಸೆಸರ್, ರಾಮ್‌ನ ಪ್ರಮಾಣ, ಡಿಸ್‌ಪ್ಲೇ ಅಡಾಪ್ಟರ್, ಹಾರ್ಡ್ ಡಿಸ್ಕ್, ಸಿಡಿ ಡ್ರೈವ್, ನೆಟ್‌ವರ್ಕ್ ಕಾರ್ಡ್ ಇತ್ಯಾದಿ. ಪ್ರತಿ ಅಂಗಕ್ಕೂ ಒಂದು ಮತ. ನೆಟ್‌ವರ್ಕ್ ಕಾರ್ಡಿಗೆ ಮಾತ್ರ ಉಳಿದವುಗಳಿಗಿಂತ ಹೆಚ್ಚು ತೂಕ. ಸಾಕಷ್ಟು ಮತ ಬಿದ್ದರೆ ಇದು ಅದೇ ರಥ. ಇಲ್ಲದಿದ್ದರೆ ಇದು ಹೊಸದು, ಮತ್ತೆ ಆಕ್ಟಿವೇಟ್ ಮಾಡು, ಅಂದರೆ ಕಂಪನಿಯ ಒಪ್ಪಿಗೆಯನ್ನು ಹೊಸದಾಗಿ ಪಡೆ.

ಈ ಹತ್ತರಲ್ಲಿ ಒಂದು ಅಂಗ ವಿಚಿತ್ರವಾದದ್ದು. ಡಿಸ್ಕಿನ ವಾಲ್ಯೂಮ್ ಸಂಖ್ಯೆ ಎಂಬುದು ಫಾರ್ಮ್ಯಾಟ್ ಮಾಡಿದೊಡನೆ ತಾನಾಗಿ ಬದಲಾಗುತ್ತದೆ. ಅಂದರೆ ಒಂದು ಸ್ಕ್ರೂ ಬಿಚ್ಚದೆ, ಒಂದು ರೂಪಾಯಿ ಖರ್ಚು ಮಾಡದೆ, ದೇಹದ ಹತ್ತನೆಯ ಒಂದು ಭಾಗ ಬೇರೆಯಾಗಿರುತ್ತದೆ. ವೈರಸ್ ಬಂದರೆ ಫಾರ್ಮ್ಯಾಟ್, ನಿಧಾನವಾದರೆ ಫಾರ್ಮ್ಯಾಟ್, ಬೇಸರವಾದರೂ ಫಾರ್ಮ್ಯಾಟ್ ಎಂದು ಬದುಕಿದ ಆ ಕಾಲದವರಿಗೆ ಇದು ಸಣ್ಣ ಮಾತಲ್ಲ. ಆದರೂ ನನ್ನ ಮತದಲ್ಲಿ ಈ ಕ್ಷೇತ್ರದ ಅತ್ಯಂತ ಸಭ್ಯ ಆಚಾರ್ಯ ಎಕ್ಸ್‌ಪಿಯೇ. ಯಂತ್ರ ಮುದಿಯಾಗುತ್ತದೆ, ಅಂಗಾಂಗ ಬದಲಾಗುತ್ತವೆ ಎಂದು ಅದು ಒಪ್ಪಿಕೊಂಡಿತ್ತು. ಮುಂದೆ ಬಂದ ಆಟದ ಕಂಪನಿಗಳು ಅದರಿಂದ ಅಂಗಗಣನೆಯನ್ನು ಕಲಿತವು, ಕ್ಷಮೆಯನ್ನು ಕಲಿಯಲಿಲ್ಲ.

ಈಗ ಮಿತಿಯ ಭೇದಗಳು. ಸ್ಥೂಲವಾಗಿ ಎರಡು: ಸಂಖ್ಯಾಮಿತಿ, ಕಾಲಮಿತಿ.

ಸಂಖ್ಯಾಮಿತಿ ಮತ್ತೆ ಎರಡು ಬಗೆ, ಕ್ಷಯಿಷ್ಣು ಮತ್ತು ಪುನರ್ಲಭ್ಯ. ಬಳಸಿದ ಆಕ್ಟಿವೇಶನ್ ಮತ್ತೆ ಬಾರದಿದ್ದರೆ ಕ್ಷಯಿಷ್ಣು. ಬಿಟ್ಟುಕೊಟ್ಟರೆ ಮರಳಿ ಸಿಗುವಂತಿದ್ದರೆ ಪುನರ್ಲಭ್ಯ. ಎರಡನೆಯದು ಮೇಲ್ನೋಟಕ್ಕೆ ಉದಾರ. ಆದರೆ ಅದರಲ್ಲಿ ಒಂದು ಉಪಾಧಿ ಅಡಗಿದೆ: ಆಟವನ್ನು ಅನ್‌ಇನ್‌ಸ್ಟಾಲ್ ಮಾಡಿಯೋ ರಿವೋಕ್ ಮಾಡಿಯೋ ಆಮೇಲೆ ಯಂತ್ರವನ್ನು ಬಿಚ್ಚಬೇಕು. ಹಾರ್ಡ್ ಡಿಸ್ಕು ಸಾಯುವ ಮೊದಲು ಅರ್ಜಿ ಕೊಟ್ಟು ಸಾಯಬೇಕೆಂದು ಇದರರ್ಥ. ಮಳೆಗಾಲದ ಸಂಜೆ ಕರೆಂಟು ಹೋಗಿ ಬಂದು ಹೋಗಿ ಬಂದು, ಎಸ್‌ಎಂಪಿಎಸ್ ಜೊತೆಗೆ ಮದರ್‌ಬೋರ್ಡನ್ನೂ ಕರೆದುಕೊಂಡು ಹೋದ ಮನೆಗಳಲ್ಲಿ ಯಾವ ಡಿಸ್ಕೂ ಹಾಗೆ ಅರ್ಜಿ ಕೊಟ್ಟದ್ದಿಲ್ಲ.

ಸಂಖ್ಯಾಮಿತಿಯ ಚರಿತ್ರೆಯೆಲ್ಲ ಹೆಚ್ಚಾಗಿ ಸೆಕ್ಯೂರಾಮ್ ಎಂಬ ರಕ್ಷಣಾ ವ್ಯವಸ್ಥೆಯ ಚರಿತ್ರೆ. ಅದು ಸೋನಿ ಡಿಎಡಿಸಿಯ ಸೃಷ್ಟಿ. 2007ರ ಆಗಸ್ಟಿನಲ್ಲಿ ಬಯೋಶಾಕ್ ಆಟ ಇದರ ಕವಚ ತೊಟ್ಟು ಬಂದಾಗ ಮಿತಿ ಎರಡೇ ಇತ್ತು. ಕೊಂಡವರು ಕೂಗಾಡಿದ ಮೇಲೆ ಐದಾಯಿತು. 2008ರಲ್ಲಿ ಮಾಸ್ ಎಫೆಕ್ಟ್ ಆಟಕ್ಕೆ ಮಿತಿ ಮೂರು, ಅದೇ ವರ್ಷ ಕ್ರೈಸಿಸ್ ವಾರ್‌ಹೆಡ್ ಆಟಕ್ಕೆ ಐದು. ಎರಡು, ಮೂರು, ಐದು ಎಂಬ ಈ ಸಂಖ್ಯೆಗಳು ಯಾವ ಪ್ರಮಾಣದಿಂದ ಬಂದವು? ಪ್ರತ್ಯಕ್ಷವಲ್ಲ, ಅನುಮಾನವಲ್ಲ. ಕೂಗಿದರೆ ಹೆಚ್ಚುವುದರಿಂದ ಶಬ್ದಪ್ರಮಾಣವೇ ಇರಬೇಕು.

ಇಲ್ಲಿ ಸ್ಪೋರ್ ಬಗ್ಗೆ ತುಸು ನಿಲ್ಲಬೇಕು. ವಿಲ್ ರೈಟ್ ರೂಪಿಸಿದ ಈ ಆಟವನ್ನು ಇಎ ಕಂಪನಿ 2008ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಿತು. ಒಂದು ಏಕಕೋಶ ಜೀವಿಯಿಂದ ಶುರುಮಾಡಿ ಕಾಲು, ಕಣ್ಣು, ರೆಕ್ಕೆ, ಕೋರೆ ಸೇರಿಸುತ್ತ, ಬೇಡವಾದದ್ದನ್ನು ಕಿತ್ತು ಹಾಕುತ್ತ ಬೆಳೆಸುವುದೇ ಆಟ. ಎಷ್ಟು ಅಂಗ ಬದಲಿಸಿದರೂ ಅದು ನಿಮ್ಮ ಜೀವಿಯೇ. ಆ ಸ್ವಾತಂತ್ರ್ಯ ಆಟದೊಳಗಿನ ಪ್ರಾಣಿಗೆ ಮಾತ್ರ. ಅದನ್ನು ಹೊತ್ತ ಕಂಪ್ಯೂಟರಿಗೆ ಮೂರೇ ಜನ್ಮ. ಅಮೆಜಾನ್ ತಾಣದಲ್ಲಿ ಒಂದೇ ನಕ್ಷತ್ರದ ವಿಮರ್ಶೆಗಳ ಮಳೆ ಸುರಿಯಿತು, ಅಮೆರಿಕದಲ್ಲಿ ಮೊಕದ್ದಮೆ ಹೂಡಿದರು, ಇಎ ಮಿತಿಯನ್ನು ಐದಕ್ಕೇರಿಸಿ ಬಳಸಿದ ಆಕ್ಟಿವೇಶನ್ ಬಿಟ್ಟುಕೊಡುವ ಉಪಕರಣವನ್ನೂ ಕೊಟ್ಟಿತು. ಅದೇ ಕಂಪನಿಯ ರೆಡ್ ಅಲರ್ಟ್ 3 ಆ ವರ್ಷದ ಕೊನೆಗೆ ಬಂದಾಗ ಇನ್ನೊಂದು ಉಪಭೇದ ಕಂಡಿತು: ಕೆಲವು ಪ್ರತಿಗಳಲ್ಲಿ ಕೀಲಿಯ ಕೊನೆಯ ಅಕ್ಷರ ಅಚ್ಚಾಗಿರಲಿಲ್ಲ. ಎ ಇಂದ ಝಡ್, ಸೊನ್ನೆಯಿಂದ ಒಂಬತ್ತು, ಒಂದೊಂದಾಗಿ ಹಾಕಿ ನೋಡಿ ಎಂಬುದು ಸಹಾಯಕೇಂದ್ರದಿಂದ ಬಂದ ಸಲಹೆ. ಅಸಲಿ ಗಿರಾಕಿ ಕಳ್ಳನ ವಿದ್ಯೆ ಕಲಿತು ತನ್ನದೇ ಮನೆಯ ಬೀಗ ಒಡೆಯಬೇಕಾಗಿ ಬಂದ ಅಪೂರ್ವ ಪ್ರಯೋಗವಿದು.

ಪೂರ್ವಪಕ್ಷ ಹೀಗೆ: ಮಿತಿಯಿಲ್ಲದಿದ್ದರೆ ಒಂದು ಪ್ರತಿಯನ್ನು ಊರೆಲ್ಲ ಹಂಚಿಕೊಳ್ಳುತ್ತದೆ. ಮೇಲಾಗಿ ಹಿಂದೆ ಆಡುವಾಗಲೆಲ್ಲ ಡಿಸ್ಕನ್ನು ಡ್ರೈವಿನೊಳಗೆ ಇಟ್ಟಿರಬೇಕಿತ್ತು. ಒಮ್ಮೆ ಇಂಟರ್ನೆಟ್ಟಿನಲ್ಲಿ ಆಕ್ಟಿವೇಟ್ ಮಾಡಿದರೆ ಆ ಕಾಟ ತಪ್ಪಿತಲ್ಲ? ಈ ಎರಡನೆಯ ಮಾತಿನಲ್ಲಿ ಹುರುಳಿದೆ, ಗೆರೆಬಿದ್ದ ಸಿಡಿಯನ್ನು ಅಂಗಿಯ ತುದಿಯಿಂದ ಒರೆಸಿದವರು ಒಪ್ಪಲೇಬೇಕು. ಮೂರಕ್ಕಿಂತ ಹೆಚ್ಚು ಯಂತ್ರಗಳಲ್ಲಿ ಸ್ಪೋರ್ ಆಕ್ಟಿವೇಟ್ ಮಾಡಲು ಹೋದವರು ನೂರಕ್ಕೆ ಒಬ್ಬರೂ ಇಲ್ಲ ಎಂದೂ ಇಎ ವಾದಿಸಿತು. ಉತ್ತರ: ಈ ಲೆಕ್ಕ ಹೇಳಿದ್ದು ಆಟ ಬಂದ ಕೆಲವೇ ವಾರಗಳಲ್ಲಿ. ಹೊಸ ಆಟ ಕೊಂಡು ಅಷ್ಟರೊಳಗೆ ನಾಲ್ಕು ಯಂತ್ರ ಬದಲಿಸುವವನು ಎಲ್ಲಿದ್ದಾನೆ? ಮಿತಿ ಕಚ್ಚುವುದು ನಾಲ್ಕನೆಯ ವರ್ಷ, ಆರನೆಯ ವರ್ಷ, ಹಳೆಯದನ್ನು ಇನ್ನೊಮ್ಮೆ ಆಡೋಣವೆನಿಸಿದ ಭಾನುವಾರ. ಇನ್ನು ಊರಿಗೆಲ್ಲ ಹಂಚುವ ಮಾತು: ಕವಚ ಕಳಚಿದ ಸ್ಪೋರ್ ಬಿಡುಗಡೆಗೂ ಮೊದಲೇ ಟೊರೆಂಟಿನಲ್ಲಿತ್ತು. ಟೊರೆಂಟ್‌ಫ್ರೀಕ್ ತಾಣದ ಲೆಕ್ಕದಲ್ಲಿ 2008ರಲ್ಲಿ ಅತಿ ಹೆಚ್ಚು ಕದ್ದಿಳಿಸಿದ ಆಟ ಅದೇ, ಸುಮಾರು 17 ಲಕ್ಷ ಸಲ. ಇದು ಸಿದ್ಧಾಂತ.

ಕಾಲಮಿತಿಯನ್ನು ಬೇಗ ಮುಗಿಸಬಹುದು. ಹತ್ತು ದಿನಕ್ಕೊಮ್ಮೆ ಸರ್ವರಿಗೆ ವರದಿ ಒಪ್ಪಿಸಬೇಕೆಂಬ ಯೋಜನೆ ಮಾಸ್ ಎಫೆಕ್ಟಿಗೆ ಮೊದಲು ಇತ್ತು, ವಿರೋಧ ಕಂಡು ಕೈಬಿಟ್ಟರು. ಈಗ ಬಳಕೆಯಲ್ಲಿರುವುದು ಆಸ್ಟ್ರಿಯಾದ ಡೆನುವೊ ಮತ: 24 ಗಂಟೆಯಲ್ಲಿ ಐದು ಯಂತ್ರ, ಆಮೇಲೆ ಒಂದು ದಿನ ಬೀಗ. ಸಾಮಾನ್ಯರಿಗೆ ಇದು ತಟ್ಟುವುದೇ ಇಲ್ಲ. ಪ್ರೊಸೆಸರ್‌ಗಳನ್ನು ಒಂದಾದಮೇಲೊಂದು ಕೂರಿಸಿ ವೇಗ ಅಳೆಯುವ ವಿಮರ್ಶಕರಿಗೆ ತಟ್ಟುತ್ತದೆ. ಲಿನಕ್ಸ್ ಮೇಲೆ ಆಡುವವರಿಗೂ ತಟ್ಟುತ್ತದೆ: ಪ್ರೋಟಾನ್ ಎಂಬ ಮಧ್ಯವರ್ತಿ ತಂತ್ರಾಂಶದ ಆವೃತ್ತಿ ಬದಲಿಸಿದರೆ ಇಡೀ ಯಂತ್ರವೇ ಬದಲಾಯಿತೆಂದು ಡೆನುವೊ ಎಣಿಸಬಹುದು. ಅಲ್ಲಿ ದೇಹಕ್ಕೆ ಏನೂ ಆಗಿರುವುದಿಲ್ಲ, ದುಭಾಷಿ ಬೇರೆಯಾಗಿರುತ್ತಾನೆ ಅಷ್ಟೆ.

ತರ್ಕಶಾಸ್ತ್ರ ಓದಿದವರು ಇಷ್ಟು ಹೊತ್ತಿಗೆ ಚಡಪಡಿಸುತ್ತಿರಬೇಕು. ಲಕ್ಷಣ, ಅಂದರೆ ವ್ಯಾಖ್ಯೆ, ಎಂದ ಮೇಲೆ ಅದು ಅತಿವ್ಯಾಪ್ತಿ, ಅವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಿಂದ ದೂರವಿರಬೇಕು. ನಮ್ಮ ಕಂಪನಿಗಳು ಮೂರನ್ನೂ ಬಿಡದೆ ಸಾಧಿಸಿವೆ.

ಅತಿವ್ಯಾಪ್ತಿ, ಅಂದರೆ ಲಕ್ಷಣ ತನಗೆ ಸಲ್ಲದ್ದಕ್ಕೂ ತಾಗುವುದು. ಯೂಬಿಸಾಫ್ಟ್‌ನ ಆನೊ 2070 ಆಟಕ್ಕೆ ಮೂರು ಆಕ್ಟಿವೇಶನ್. 2012ರ ಜನವರಿಯಲ್ಲಿ ಗುರು3ಡಿ ಎಂಬ ವಿಮರ್ಶಾ ತಾಣದವರು ಈ ಆಟದಲ್ಲಿ ಬೇರೆ ಬೇರೆ ಗ್ರಾಫಿಕ್ಸ್ ಕಾರ್ಡ್‌ಗಳನ್ನು ಪರೀಕ್ಷಿಸಲು ಹೊರಟರು. ಕಾರ್ಡ್ ಬದಲಿಸಿದರೆ ಒಂದು ಆಕ್ಟಿವೇಶನ್ ಹೋಯಿತು, ಮತ್ತೆ ಬದಲಿಸಿದರೆ ಇನ್ನೊಂದು ಹೋಯಿತು. ಪರೀಕ್ಷೆ ಅಲ್ಲಿಗೇ ನಿಂತಿತು. ಒಂದೇ ಪೆಟ್ಟಿಗೆ, ಒಂದೇ ಮೇಜು, ಆದರೂ ‘ಹೊಸ ಕಂಪ್ಯೂಟರ್’ ಎಂಬ ಲಕ್ಷಣ ಹಳೆಯದರ ಮೇಲೆ ಹರಿದಿತ್ತು. ಸುದ್ದಿ ಹಬ್ಬಿದ ಮೇಲೆ ಕಂಪನಿ ಗ್ರಾಫಿಕ್ಸ್ ಕಾರ್ಡನ್ನು ಅಂಗಗಣನೆಯಿಂದ ಕೈಬಿಟ್ಟಿತು. ಆಟಗಾರ ಎಲ್ಲಕ್ಕಿಂತ ಮೊದಲು ಬದಲಿಸುವ ಅಂಗ ಅದೇ ಎಂದು ಆಟ ಮಾರುವವರಿಗೆ ತಿಳಿಯದೆ ಹೋದದ್ದಕ್ಕೆ ಯಾವ ಭಾಷ್ಯವೂ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಟೀ ತರುವ ಹುಡುಗನನ್ನು ಕೇಳಿದ್ದರೂ ಹೇಳುತ್ತಿದ್ದ.

ಅವ್ಯಾಪ್ತಿ, ಅಂದರೆ ಲಕ್ಷಣ ತನ್ನ ವಸ್ತುವನ್ನೇ ಪೂರ್ತಿ ಮುಟ್ಟದಿರುವುದು. ಇದರ ಉದಾಹರಣೆ ಈ ಶಾಸ್ತ್ರದ ಶಿರೋಮಣಿ. 2021ರ ನವೆಂಬರಿನಲ್ಲಿ ಇಂಟೆಲ್‌ನ 12ನೇ ಪೀಳಿಗೆಯ ಪ್ರೊಸೆಸರ್, ಆಲ್ಡರ್ ಲೇಕ್, ಬಂತು. ಒಂದೇ ಚಿಪ್ಪಿನೊಳಗೆ ಭಾರದ ಕೆಲಸಕ್ಕೆ ದೊಡ್ಡ ಕೋರ್‌ಗಳು, ಹಗುರ ಕೆಲಸಕ್ಕೆ ಸಣ್ಣ ಕೋರ್‌ಗಳು. ಹಳೆಯ ರಕ್ಷಣಾ ತಂತ್ರಾಂಶ ಹೊತ್ತ ಹಲವು ಆಟಗಳು ದೊಡ್ಡ ಕೋರ್ ಮೇಲೆ ಓಡುತ್ತಿದ್ದು ಸಣ್ಣದರ ಮೇಲೆ ಕಾಲಿಟ್ಟೊಡನೆ ಇದು ಬೇರೆಯೇ ಯಂತ್ರವೆಂದು ತಿಳಿದು ನಿಂತುಬಿಟ್ಟವು. ರಾಮ್ ಬದಲಿಸಿಲ್ಲ, ಕಾರ್ಡ್ ಬದಲಿಸಿಲ್ಲ, ಆಟಗಾರ ಕುರ್ಚಿಯಿಂದೆದ್ದಿಲ್ಲ. ಪ್ರೊಸೆಸರ್ ತನ್ನೊಳಗೇ ಪರಕಾಯಪ್ರವೇಶ ಮಾಡಿದಂತಾಯಿತು. ಇಂಟೆಲ್ ಸೂಚಿಸಿದ ತಾತ್ಕಾಲಿಕ ಪರಿಹಾರವೂ ಅಷ್ಟೇ ಸೊಗಸು: ಬಯೋಸ್‌ನಲ್ಲಿ ಒಂದು ಆಯ್ಕೆ ತೆರೆದಿಟ್ಟು ಸ್ಕ್ರಾಲ್ ಲಾಕ್ ಒತ್ತಿದರೆ ಸಣ್ಣ ಕೋರ್‌ಗಳು ಮಲಗುತ್ತವೆ. ಕೀಬೋರ್ಡಿನ ಮೂಲೆಯಲ್ಲಿ ದಶಕಗಳಿಂದ ನಿರುದ್ಯೋಗಿಯಾಗಿದ್ದ ಆ ಗುಂಡಿಗೆ ಕೊನೆಗೂ ಕೆಲಸ ಸಿಕ್ಕಿತು. (ಇದೂ ಅತಿವ್ಯಾಪ್ತಿಯೇ ಅಲ್ಲವೇ, ‘ಹೊಸ ಯಂತ್ರ’ ಎಂಬ ಲಕ್ಷಣ ಹಳೆಯದಕ್ಕೆ ತಾಗಿದೆಯಲ್ಲ ಎಂದು ಕೇಳುವ ನೈಯಾಯಿಕರಿಗೆ: ನಿಮ್ಮ ಆಕ್ಷೇಪ ಸರಿ, ಆದರೆ ವರ್ಗೀಕರಣ ನನ್ನದು.)

ಅಸಂಭವ, ಅಂದರೆ ಲಕ್ಷಣ ತನ್ನ ವಸ್ತುಗಳಲ್ಲಿ ಒಂದಕ್ಕೂ ಸಲ್ಲದಿರುವುದು. ಡಿಸ್ನಿ 2010ರಲ್ಲಿ ತಂದ ಟ್ರಾನ್: ಎವಲ್ಯೂಶನ್ ಆಟದ ಸೆಕ್ಯೂರಾಮ್ ಪರವಾನಗಿ 2019ರ ಹೊತ್ತಿಗೆ ನಿಂತುಹೋಗಿ, ಹೊಸದಾಗಿ ಇನ್‌ಸ್ಟಾಲ್ ಮಾಡಲು ಹೋದ ಅಸಲಿ ಮಾಲೀಕರಿಗೂ ಅದು ತೆರೆಯಲಿಲ್ಲ. ಮಿತಿ ಮೀರಿದವರಿರಲಿ, ಮಿತಿಯೊಳಗಿದ್ದವರೂ ಹೊರಗೆ. ಇಲ್ಲಿ ಗಿರಾಕಿ ಬದಲಿಸಿದ್ದೇನೂ ಇಲ್ಲ. ಸತ್ತದ್ದು ಆಚೆ ಬದಿಯ ಯಂತ್ರ.

ಯಂತ್ರಕ್ಕೆ ಹೊಸ ಅಂಗ ಕೂರಿಸುವ ಅಂಗವರ್ಧಕರ ಜಾತಿಗಳನ್ನು ವಿವರಿಸುತ್ತೇನೆಂದರೆ ಪುಟ ಸಾಲದು. ರಾಮ್ ಸೇರಿಸುವವನು ನಿರುಪದ್ರವಿ. ಕಾರ್ಡ್ ಬದಲಿಸುವವನು ಶೋಕಿಲಾಲ. ಮದರ್‌ಬೋರ್ಡ್ ಬದಲಿಸುವವನು ಮಾತ್ರ ಗೋತ್ರವನ್ನೇ ಬದಲಿಸಿದವನು. ಕಂಪ್ಯೂಟರಿನೊಡನೆ ಬಂದ ಒಇಎಂ ವಿಂಡೋಸ್ ಲೈಸೆನ್ಸ್ ಕೂಡ ಅವನ ಪಾಲಿಗೆ ಹಳೆಯ ಬೋರ್ಡಿನೊಂದಿಗೇ ಸಹಗಮನ ಮಾಡುತ್ತದೆ.

ಉಳಿದದ್ದು ಪ್ರಾಯಶ್ಚಿತ್ತ. ಎಕ್ಸ್‌ಪಿ ಕಾಲದಲ್ಲಿ ಅದು ಫೋನಿನ ಜಪ: ಪರದೆಯ ಮೇಲಿನ 50 ಅಂಕಿಗಳನ್ನು ಆ ಕಡೆಯವರಿಗೆ ಓದಿ ಹೇಳಿ, ಅವರು ಹೇಳಿದ 42 ಅಂಕಿಗಳನ್ನು ಬರೆದುಕೊಂಡು ತುಂಬಬೇಕು. ನಡುವೆ ಕುಕ್ಕರ್ ಕೂಗಿದರೆ ಮೊದಲಿಂದ. 2016ರ ಅಪ್‌ಡೇಟಿನ ನಂತರ ವಿಂಡೋಸ್ 10 ಲೈಸೆನ್ಸನ್ನು ಮೈಕ್ರೋಸಾಫ್ಟ್ ಖಾತೆಗೆ ಕಟ್ಟಿಕೊಳ್ಳಬಹುದಾಯಿತು, ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ ಎಂದು ಒಪ್ಪಿಕೊಳ್ಳಲು ಒಂದು ಕೊಂಡಿಯನ್ನೂ ಇಟ್ಟರು. ಸ್ಟೀಮ್‌ನಂಥ ಅಂಗಡಿಗಳು ಬಹುಮಟ್ಟಿಗೆ ಯಂತ್ರವನ್ನು ಬಿಟ್ಟು ಮನುಷ್ಯನನ್ನು ಹಿಡಿದವು. ಯಂತ್ರ ಎಷ್ಟು ಬದಲಾದರೂ ಸರಿ, ಪಾಸ್‌ವರ್ಡ್ ಮರೆಯದಿದ್ದರೆ ಆಯಿತು. 2008ರಲ್ಲಿ ಶುರುವಾದ ಗಾಗ್ ಅಂಗಡಿಯದು ಚಾರ್ವಾಕ ಮತ, ಇನ್‌ಸ್ಟಾಲ್ ಮಾಡುವ ಫೈಲನ್ನೇ ಕೈಗೆ ಕೊಟ್ಟು ಸುಮ್ಮನಾಗುತ್ತದೆ.

ಮಾರಿದವರೂ ಪ್ರಾಯಶ್ಚಿತ್ತ ಮಾಡಿಕೊಂಡದ್ದುಂಟು. ಬಯೋಶಾಕ್‌ನ ಮಿತಿಯನ್ನು 2008ರ ಜೂನಿನಲ್ಲಿ ತೆಗೆದುಹಾಕಿದರು. 2011ರಲ್ಲಿ ಬಂದ ದ ವಿಚರ್ 2 ಆಟದ ಅಂಗಡಿ ಪ್ರತಿಗಳ ಮೇಲಿದ್ದ ಸೆಕ್ಯೂರಾಮ್ ಕವಚವನ್ನು ಪೋಲೆಂಡಿನ ತಯಾರಕರು ಮೊದಲ ದೊಡ್ಡ ಪ್ಯಾಚಿನಲ್ಲೇ ಕಳಚಿದರು. ಕಳಚಿದ ಮೇಲೆ ಆಟ ಮೊದಲಿಗಿಂತ ಚುರುಕಾಗಿ ಓಡುತ್ತದೆ ಎಂದೂ ತಾವೇ ಹೇಳಿಕೊಂಡರು.