ಪತನಶಾಸ್ತ್ರ ಪ್ರವೇಶಿಕೆ: ಬಾಹ್ಯಾಕಾಶ ವಾರ್ಷಿಕೋತ್ಸವಗಳ ಮೇಲೆ ಘಟಪ್ರಭೆಯ ಹಕ್ಕು

ಏಪ್ರಿಲ್ 12 ಬಂದರೆ ಗಗಾರಿನ್, ಜುಲೈ 20 ಬಂದರೆ ಆರ್ಮ್‌ಸ್ಟ್ರಾಂಗ್, ಆಗಸ್ಟ್ 23 ಬಂದರೆ ಚಂದ್ರಯಾನ-3, ಅಕ್ಟೋಬರ್ 4 ಬಂದರೆ ಸ್ಪುಟ್ನಿಕ್. ಶಾಲೆಯ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದ ರಾಕೆಟ್ಟು ಎದ್ದು ನಿಲ್ಲುತ್ತದೆ. ಬಾಲಕ್ಕೆ ಬೆಂಕಿ, ಮೂಗು ಮೇಲಕ್ಕೆ. ಈ ಊರ್ಧ್ವಮುಖ ಪಕ್ಷಪಾತವೇ ಬಾಹ್ಯಾಕಾಶ ಚರಿತ್ರೆಯ ಮೂಲದೋಷ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಏರುವುದು ಕೆಲವೇ ನಿಮಿಷಗಳ ಗದ್ದಲ. ಆಮೇಲೆ ಉಪಗ್ರಹಕ್ಕೆ ಬದುಕಿರುವಷ್ಟು ಕಾಲವೂ ಒಂದೇ ಉದ್ಯೋಗ, ಬೀಳುವುದು. ಎತ್ತರದ ಬೆಟ್ಟದಿಂದ ತೋಪಿನ ಗುಂಡನ್ನು ಸಾಕಷ್ಟು ಜೋರಾಗಿ ಹಾರಿಸಿದರೆ ಅದು ಬೀಳುತ್ತಲೇ ಇರುತ್ತದೆ, ನೆಲ ಬಾಗಿಕೊಂಡು ಸರಿಯುವುದರಿಂದ ತಲುಪುವುದು ಮಾತ್ರ ಇಲ್ಲ ಎಂದು ನ್ಯೂಟನ್ನನೇ ತೋರಿಸಿಕೊಟ್ಟಿದ್ದಾನೆ. ಹೀಗಿರಲು ಬಾಹ್ಯಾಕಾಶದ ವಾರ್ಷಿಕೋತ್ಸವಗಳೆಲ್ಲ ಪತನದ ವಾರ್ಷಿಕೋತ್ಸವಗಳೇ. ಬೀಳುವುದರಲ್ಲಿ ತಲೆತಲಾಂತರದ ಅನುಭವವಿರುವ, ನಿವೃತ್ತಿಯಿಲ್ಲದ ಸಂಸ್ಥೆಯೊಂದರ ಅಧ್ಯಕ್ಷತೆಯಲ್ಲಿ ಅವು ನಡೆಯಬೇಕಾದದ್ದು ನ್ಯಾಯ. ಆ ಸಂಸ್ಥೆ ಗೋಕಾಕ ಜಲಪಾತ.

ಲೆಕ್ಕಕ್ಕೆ ಬರೋಣ. ಘಟಪ್ರಭೆ ಇಲ್ಲಿ ಸುಮಾರು 52 ಮೀಟರ್ ಧುಮುಕುತ್ತಾಳೆ. ಗಾಳಿಯ ಅಡ್ಡಿಯನ್ನು ಬದಿಗಿಟ್ಟರೆ ನೆತ್ತಿಯಿಂದ ಬುಡಕ್ಕೆ ಮೂರೂಕಾಲು ಸೆಕೆಂಡು. ಬುಡ ಮುಟ್ಟುವಾಗ ವೇಗ ಗಂಟೆಗೆ ಸುಮಾರು 115 ಕಿಲೋಮೀಟರ್. ಆ ಮೂರೂಕಾಲು ಸೆಕೆಂಡು ಪ್ರತಿ ಹನಿಯೂ ಗಗನಯಾತ್ರಿಯಂತೆಯೇ ತೂಕರಹಿತ. 1961ರಲ್ಲಿ ಗಗಾರಿನ್ ಏರಿ, ಸುತ್ತಿ, ಇಳಿಯಲು ತೆಗೆದುಕೊಂಡದ್ದು 108 ನಿಮಿಷ, ಅದೂ ಒಂದೇ ಸಲ. ಗೋಕಾಕದ ಹನಿಗಳು ಮಳೆಗಾಲವಿಡೀ ಸಾಲುಗಟ್ಟಿ ಇದನ್ನೇ ಮಾಡುತ್ತಿದ್ದರೂ ಒಂದಕ್ಕೂ ಪದಕ ಬಂದಿಲ್ಲ. ಕಕ್ಷೆ ಸೇರಲು ಜಲಪಾತಕ್ಕೆ ಇರುವ ಕೊರತೆ ಒಂದೇ: ಗಂಟೆಗೆ 28,000 ಕಿಲೋಮೀಟರಿನಷ್ಟು ಅಡ್ಡವೇಗ. ಸಂಕೇಶ್ವರದ ಬಳಿ ಹೆದ್ದಾರಿಯಲ್ಲಿ ದ್ವಿಚಕ್ರ ವಾಹನದ ತರುಣರು ಈ ದಿಸೆಯಲ್ಲಿ ನಡೆಸಿರುವ ಸಂಶೋಧನೆ ಆಶಾದಾಯಕವಾಗಿದೆ.

ಆಡಳಿತ ವ್ಯವಸ್ಥೆಯೂ ಸಿದ್ಧವಿದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ, 51 ಟಿಎಂಸಿ ಇಂಧನ ತುಂಬಿಕೊಂಡ ಉಡಾವಣಾ ಕೇಂದ್ರ. ಗೇಟು ತೆರೆಯುವ ಮುನ್ನ ಅಲ್ಲಿ ನಡೆಯುವ ಕಾಯುವಿಕೆಗೆ ಶ್ರೀಹರಿಕೋಟಾ ಹೋಲದು. ಮುಕ್ತಪತನ ಗೋಕಾಕದಲ್ಲಿ. ಬಿದ್ದದ್ದನ್ನು ಬರಮಾಡಿಕೊಳ್ಳುವ ವಲಯ ಮೂಡಲಗಿ. ಈಚಿನ ವರ್ಷಗಳಲ್ಲಿ ಮೂಡಲಗಿ ಗೋಕಾಕದಿಂದ ಕಳಚಿಕೊಂಡು ಹೊಸ ತಾಲ್ಲೂಕಾದದ್ದನ್ನು ಕಂದಾಯ ಇಲಾಖೆ ಏನೇ ಕರೆಯಲಿ, ಶಾಸ್ತ್ರದ ದೃಷ್ಟಿಯಿಂದ ಅದು ಯಶಸ್ವಿ ಹಂತ ಬೇರ್ಪಡಿಕೆ. ಬೆಳಗಾವಿಯಿಂದ ಗೋಕಾಕ ಜಿಲ್ಲೆ ಕಳಚಿಕೊಳ್ಳಬೇಕಾದ ಮುಂದಿನ ಹಂತದ ಬೋಲ್ಟು ಮಾತ್ರ ಇನ್ನೂ ಸಿಡಿದಿಲ್ಲ. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದ್ದು 1969ರಲ್ಲಿ, ಇಸ್ರೋ ಹುಟ್ಟಿದ್ದೂ 1969ರಲ್ಲೇ. ಮನುಷ್ಯ ಚಂದ್ರನನ್ನು ತುಳಿದ ವರ್ಷವೇ ಬೆಳಕಿಗಾಗಿ ಇನ್ನು ಚಂದ್ರನನ್ನು ನೆಚ್ಚಿ ಕೂಡ್ರುವುದು ಬೇಡವೆಂದು ಹುಕ್ಕೇರಿ ತೀರ್ಮಾನಿಸಿದ್ದನ್ನು ಕಾಕತಾಳೀಯ ಎನ್ನುವವರು ಎನ್ನಲಿ.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಬೇಸಿಗೆಯಲ್ಲಿ ಜಲಪಾತದ ಜಾಗದಲ್ಲಿ ಬರೀ ಬಂಡೆ ಇರುತ್ತದಲ್ಲ. ಗಗಾರಿನ್ ಹಾರಿದ್ದು ಏಪ್ರಿಲ್ 12, ಆರ್ಯಭಟ ಏರಿದ್ದು 1975ರ ಏಪ್ರಿಲ್ 19, ರಾಕೇಶ್ ಶರ್ಮಾ ಹೊರಟದ್ದು 1984ರ ಏಪ್ರಿಲ್ 3, ಇವಕ್ಕೇನು ಗತಿ? ಆಕ್ಷೇಪ ಗಂಭೀರವಾಗಿದೆ, ಆದ್ದರಿಂದಲೇ ಉಪಯುಕ್ತವಾಗಿದೆ. ಮೂರೂ ಉಡಾವಣೆಗಳು ನಡೆದದ್ದು ಸೋವಿಯತ್ ನೆಲದಿಂದ ಎಂಬುದನ್ನು ಗಮನಿಸಬೇಕು. ಜಲಪಾತದ ನೆತ್ತಿಯ ಮೇಲೇ ಇರುವ ಗೋಕಾಕ ಗಿರಣಿಯಲ್ಲಿ ದುಡಿದವರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ: ಅದು ಪಾಳಿ. ಗೋಕಾಕ ಬೀಳಲಾಗದ ತಿಂಗಳಲ್ಲಿ ಬೀಳುವ ಹೊಣೆ ರಷ್ಯನ್ನರದು. ಮುಂಗಾರು ಹಿಡಿದೊಡನೆ ಪಾಳಿ ಬದಲಾಗುತ್ತದೆ: ಅಪೊಲೊ-11 ಜುಲೈ, 1980ರ ಎಸ್‌ಎಲ್‌ವಿ-3 ಜುಲೈ, ಚಂದ್ರಯಾನ-2 ಮತ್ತು 3 ಕೂಡ ಜುಲೈ. ಚಂದ್ರಯಾನ-1 ಅಕ್ಟೋಬರಿನಲ್ಲಿ, ಮಂಗಳಯಾನ ನವೆಂಬರಿನಲ್ಲಿ ಹೋದವಲ್ಲ ಎಂದರೆ, ಅವನ್ನು ಹಿಂಗಾರಿನ ಖಾತೆಗೆ ಬರೆದುಕೊಳ್ಳತಕ್ಕದ್ದು. ಪ್ರಸಂಗವಶಾತ್ ತಾರೀಖುಗಳನ್ನೂ ತಿದ್ದಬೇಕು. ಆರ್ಮ್‌ಸ್ಟ್ರಾಂಗ್ ಕಾಲಿಟ್ಟಾಗ ನಮ್ಮ ಗಡಿಯಾರದಲ್ಲಿ ಜುಲೈ 21ರ ಸೋಮವಾರ ಬೆಳಗಿನ 8 ಗಂಟೆ 26 ನಿಮಿಷ. ಸ್ಪುಟ್ನಿಕ್ ಏರಿದಾಗ ಇಲ್ಲಿ ನಡುರಾತ್ರಿ ದಾಟಿ ಅಕ್ಟೋಬರ್ 5. ಗೋಕಾಕದ ಶಾಲೆಗಳು ಇಷ್ಟು ವರ್ಷ ಪರರ ಪಂಚಾಂಗದಲ್ಲಿ ಹಬ್ಬ ಮಾಡಿವೆ.

ಎರಡನೆಯ ಆಕ್ಷೇಪ ಶಿವಮೊಗ್ಗದ ಕಡೆಯಿಂದ ಬರುವುದು ಖಚಿತ. ಜೋಗ 253 ಮೀಟರ್, ಪತನ ಏಳು ಸೆಕೆಂಡು ಮೀರುತ್ತದೆ, ಸಾಲದ್ದಕ್ಕೆ ಅಲ್ಲೊಂದು ಧಾರೆಗೆ ರಾಕೆಟ್ ಎಂದೇ ಹೆಸರು. ಕೆಳಮುಖವಾಗಿ ಮಾತ್ರ ಚಲಿಸುವ ರಾಕೆಟ್ಟಿನ ಬಗ್ಗೆ ಉಡಾವಣಾ ತಜ್ಞರು ಹೆಮ್ಮೆಪಡುವುದಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗಬಹುದು. ಜೋಗಕ್ಕೆ ಕರದಂಟು ಇಲ್ಲ ಎಂಬುದು ಅದಕ್ಕಿಂತ ಗಟ್ಟಿಯಾದ ಉತ್ತರ. 1965ರಲ್ಲಿ ಜೆಮಿನಿ-3 ನೌಕೆಗೆ ಜಾನ್ ಯಂಗ್ ಕದ್ದೊಯ್ದ ಸ್ಯಾಂಡ್‌ವಿಚ್ಚಿನ ಚೂರುಗಳು ತೇಲಾಡತೊಡಗಿ, ತಿನಿಸು ಮರಳಿ ಜೇಬು ಸೇರಿತು. ತುಪ್ಪದಲ್ಲಿ ಅರಳಿಸಿದ ಅಂಟು, ಕೊಬ್ಬರಿ, ಗೋಡಂಬಿ, ಉತ್ತತ್ತಿ, ಎಲ್ಲವನ್ನೂ ಅಪ್ಪಿ ಹಿಡಿದ ಬೆಲ್ಲದ ಪಾಕ: ಕರದಂಟಿನ ತುಂಡು ಹಲ್ಲಿಗೇ ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಇನ್ನು ಗಾಳಿಗೆ ಚೂರು ಬಿಡುವ ಮಾತೆಲ್ಲಿ? ಹಾಗಿದ್ದೂ ರಾಕೇಶ್ ಶರ್ಮಾರ ಬುತ್ತಿ ಕಟ್ಟುವ ಕೆಲಸ ಮೈಸೂರಿನ ರಕ್ಷಣಾ ಆಹಾರ ಪ್ರಯೋಗಾಲಯಕ್ಕೆ ಹೋಯಿತು. ಉತ್ತರ ಕರ್ನಾಟಕದ ಅಹವಾಲುಗಳ ಪಟ್ಟಿಯಲ್ಲಿ ಇದನ್ನು ಸೇರಿಸದಿರುವುದು ಹೋರಾಟಗಾರರ ಉದಾರತೆ.

ಆದ್ದರಿಂದ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಸರಿಯಾಗಿ, ಚಂದ್ರಯಾನ-3ರ ವಿಕ್ರಮ್ ಇಳಿದ ಗಳಿಗೆಯಲ್ಲೇ ನೀರು ಧುಮುಕುವಂತೆ ಹಿಡಕಲ್ಲಿನ ಗೇಟು ಎತ್ತಬೇಕೆಂದು ಈ ಪ್ರಬಂಧ ಶಿಫಾರಸು ಮಾಡುತ್ತದೆ. ಸಿದ್ಧಾಂತಕ್ಕೆ ಜಗ್ಗದ ಆಕ್ಷೇಪ ಉಳಿದಿರುವುದು ಒಂದೇ, ಅದು ಮೂಡಲಗಿಯದು. 2019ರ ಜುಲೈ 22ಕ್ಕೆ ಚಂದ್ರಯಾನ-2 ಮೇಲಕ್ಕೆ ಹೋಯಿತು. ಆಗಸ್ಟಿನಲ್ಲಿ ಘಟಪ್ರಭೆ ಪತನಶಾಸ್ತ್ರವನ್ನು ಅಗತ್ಯಕ್ಕಿಂತ ಹೆಚ್ಚಾಗಿ ಸಾಬೀತುಪಡಿಸಿ ಗೋಕಾಕದ ಪೇಟೆಗೂ ನುಗ್ಗಿದಳು, ಕೆಳಗಿನ ಹಳ್ಳಿಗಳಿಗೂ ನುಗ್ಗಿದಳು. ಅಪೊಲೊ-11ರ ಮೂವರು ಸಾಗರಕ್ಕೆ ಬೀಳುವ ಹೊತ್ತಿಗೆ ಹಾರ್ನೆಟ್ ಎಂಬ ಯುದ್ಧನೌಕೆ ಮೊದಲೇ ಬಂದು ಕಾದು ನಿಂತಿತ್ತು. ಮಸಗುಪ್ಪಿಯಂಥ ದಂಡೆಯ ಊರಿಗೆ ಯಾವ ಹಡಗು ಬರುತ್ತದೆ, ಮತ್ತು ನೀರಿಗಿಂತ ಮುಂಚೆ ಬರುತ್ತದೆಯೇ ಎಂದು ಮೂಡಲಗಿಯವರು ಕೇಳುತ್ತಿದ್ದಾರೆ.